ಯಾವ ಕೇಬಲ್ ಎಲ್ಲಿಗೆ ಹೋಗಿದೆ? ಸ್ವಿಚ್ಚನ್ನೇ ಕೇಳಿ

ಜಯನಗರ, ಕೋರಮಂಗಲದ ಕಡೆ ಮನೆಯೇ ಆಫೀಸಾಗಿರುವ ಕಟ್ಟಡಗಳಲ್ಲಿ ನೆಟ್‌ವರ್ಕ್ ರ‍್ಯಾಕ್ ಇರುವುದು ಮೆಟ್ಟಿಲ ಕೆಳಗೋ ಹಳೆಯ ಸ್ಟೋರ್ ರೂಮಿನಲ್ಲೋ. 24 ಪೋರ್ಟಿನ ಒಂದು ಸ್ವಿಚ್, ಅದರಿಂದ ಜೋತುಬಿದ್ದ ನೀಲಿ ಕೇಬಲ್‌ಗಳು, ಕೆಲವಕ್ಕೆ ಸುತ್ತಿದ ಬಿಳಿ ಟೇಪು, ಟೇಪಿನ ಮೇಲೆ ಮಾಸಿಹೋದ ಮಾರ್ಕರ್ ಬರಹ. ಎರಡನೇ ಮಹಡಿಯ ವೈಫೈ ನಿಂತುಹೋದರೆ ಒಬ್ಬರು ಮೇಲೆ ನಿಂತು ಕೇಬಲ್ ಎಳೆಯಬೇಕು, ಇನ್ನೊಬ್ಬರು ಕೆಳಗೆ ಟಾರ್ಚ್ ಹಿಡಿದು ಯಾವುದು ಅಲುಗಿತು ಎಂದು ನೋಡಬೇಕು. ಸ್ವಿಚ್ ಮ್ಯಾನೇಜ್ಡ್ ಆಗಿದ್ದರೆ, ಅಂದರೆ ಒಳಗೆ ಹೊಕ್ಕು ಸೆಟ್ಟಿಂಗ್ ಬದಲಿಸಬಹುದಾದಂಥದ್ದಾದರೆ, ಈ ಪಾಡು ಬೇಕಿಲ್ಲ. ತಂತಿಯ ಆ ತುದಿಯಲ್ಲಿ ಏನಿದೆ ಎಂದು ಅದೇ ಹೇಳುತ್ತದೆ. ಹಾಗೆ ಹೇಳಿಸುವ ಏರ್ಪಾಡಿನ ಹೆಸರು ಲಿಂಕ್ ಲೇಯರ್ ಡಿಸ್ಕವರಿ ಪ್ರೊಟೊಕಾಲ್, ಚಿಕ್ಕದಾಗಿ ಎಲ್‌ಎಲ್‌ಡಿಪಿ.

ಇದು ಐಇಇಇ ಸಂಸ್ಥೆಯ 802.1ಎಬಿ ಮಾನದಂಡ, ಮೊದಲು ಪ್ರಕಟವಾದದ್ದು 2005ರಲ್ಲಿ. ಕೆಲಸ ಸರಳ. ಪ್ರತಿ ಸಾಧನವೂ ತನ್ನ ಪ್ರತಿ ಪೋರ್ಟಿನಿಂದ 30 ಸೆಕೆಂಡಿಗೊಮ್ಮೆ ಒಂದು ಪುಟ್ಟ ಫ್ರೇಮ್ (ಮಾಹಿತಿಯ ಪೊಟ್ಟಣ) ಕಳುಹಿಸುತ್ತದೆ: ನಾನು ಇಂಥವನು, ಇಂಥ ಪೋರ್ಟಿನಿಂದ ಮಾತಾಡುತ್ತಿದ್ದೇನೆ, ಈ ಮಾಹಿತಿಯನ್ನು 120 ಸೆಕೆಂಡ್ ಇಟ್ಟುಕೊಳ್ಳಿ. ಉತ್ತರ ಬರಲೆಂದು ಅದು ಕಾಯುವುದಿಲ್ಲ. ಫ್ರೇಮ್ ಹೋಗುವ ವಿಳಾಸ 01-80-ಸಿ2-00-00-0ಇ. ಮಾನದಂಡ ಪಾಲಿಸುವ ಯಾವ ಸ್ವಿಚ್ಚೂ ಈ ವಿಳಾಸದ ಫ್ರೇಮನ್ನು ಮುಂದಕ್ಕೆ ಸಾಗಿಸುವುದಿಲ್ಲ. ಹಾಗಾಗಿಯೇ ತನಗೆ ಕೇಳಿಸಿದ್ದನ್ನು ಸ್ವಿಚ್ ಬರೆದಿಟ್ಟುಕೊಳ್ಳುವ ನೈಬರ್ ಪಟ್ಟಿಯಲ್ಲಿ ಕಾಣುವ ಹೆಸರು ಆ ತಂತಿಯ ಇನ್ನೊಂದು ತುದಿಯದ್ದೇ ಎಂದು ನಂಬಬಹುದು.

ಸಿಸ್ಕೊ ಸಾಧನಗಳಲ್ಲಿ ಇದೇ ಕೆಲಸಕ್ಕೆ ಸಿಡಿಪಿ ಎಂಬ ಸ್ವಂತ ಏರ್ಪಾಡು ಮೊದಲಿನಿಂದಲೂ ಇದೆ. ಅದು 60 ಸೆಕೆಂಡಿಗೊಮ್ಮೆ ಮಾತಾಡುತ್ತದೆ, 180 ಸೆಕೆಂಡ್ ನೆನಪಿಡುತ್ತದೆ. ರ‍್ಯಾಕಿನಲ್ಲಿ ಎರಡು ಮೂರು ಕಂಪನಿಗಳ ಸಾಧನ ಬೆರೆತಿದ್ದರೆ ಎಲ್‌ಎಲ್‌ಡಿಪಿಯನ್ನೇ ಆರಿಸಿಕೊಳ್ಳಿ.

ಮೊದಲು ಹೆಸರಿಡಿ

ಬಹಳ ಜನ ಈ ಹೆಜ್ಜೆಯನ್ನು ಹಾರಿಬಿಡುತ್ತಾರೆ. ನಮ್ಮ ಮಟ್ಟಿಗೆ ಅರ್ಧ ಕೆಲಸ ಇಲ್ಲೇ ಇದೆ. ಪೆಟ್ಟಿಗೆಯಿಂದ ತೆಗೆದ ಸ್ವಿಚ್ಚಿನ ಹೆಸರು ಬರೀ ‘ಸ್ವಿಚ್’ ಎಂದೇ ಇರುತ್ತದೆ. ನಾಲ್ಕು ಸ್ವಿಚ್ಚಿಗೂ ಅದೇ ಹೆಸರಿದ್ದರೆ ಪಟ್ಟಿಯ ತುಂಬ ‘ಸ್ವಿಚ್’, ‘ಸ್ವಿಚ್’, ‘ಸ್ವಿಚ್’. ಹೆಸರಿನಲ್ಲಿ ಮಹಡಿ, ಜಾಗ, ಸಂಖ್ಯೆ ಬರಲಿ: ‘ಮಹಡಿ2-ಹಾಲ್-ಎಪಿ1’ ಎಂಬಂತೆ (ಎಪಿ ಎಂದರೆ ವೈಫೈ ಹರಡುವ ಆಕ್ಸೆಸ್ ಪಾಯಿಂಟ್). ಟೈಪಿಸುವಾಗ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಮಾತ್ರ ಬಳಸಿ, ನಡುವೆ ಖಾಲಿ ಜಾಗ ಬಿಡಬೇಡಿ. 20 ಅಕ್ಷರದೊಳಗೆ ಮುಗಿಸಿ. ಸಿಸ್ಕೊ ಸ್ವಿಚ್ಚಿನ ಚಿಕ್ಕ ಪಟ್ಟಿ ಹೆಸರನ್ನು 20 ಅಕ್ಷರಕ್ಕೆ ಕತ್ತರಿಸುತ್ತದೆ. ಕಂಪನಿಯ ಉದ್ದ ಹೆಸರು ಮುಂದಿದ್ದರೆ ಮಹಡಿಯ ಸಂಖ್ಯೆಯೇ ಕಾಣದೆ ಹೋಗುತ್ತದೆ.

ಆಕ್ಸೆಸ್ ಪಾಯಿಂಟ್, ಐಪಿ ಫೋನ್, ಕ್ಯಾಮೆರಾ ದೃಶ್ಯ ಮುದ್ರಿಸುವ ಎನ್‌ವಿಆರ್‌ಗಳಿಗೂ ಅವವುಗಳ ಸೆಟ್ಟಿಂಗ್ ಪುಟದಲ್ಲಿ ಹೆಸರು ಕೊಡಿ. ಸ್ವಿಚ್ಚಿನ ಪ್ರತಿ ಪೋರ್ಟಿಗೂ ಡಿಸ್ಕ್ರಿಪ್ಷನ್ ಬರೆಯಿರಿ. ಹಲವು ಸ್ವಿಚ್‌ಗಳು ಆ ಬರಹವನ್ನೂ ಫ್ರೇಮಿನಲ್ಲಿ ಸೇರಿಸಿ ಕಳುಹಿಸುತ್ತವೆ.

ಎಲ್ಲಿ ಮಾತು, ಎಲ್ಲಿ ಮೌನ

ಸ್ವಿಚ್ಚಿಗೆ ಕೈಹಾಕುವ ಮುನ್ನ ಒಂದು ಹಾಳೆಯಲ್ಲಿ ಪೋರ್ಟ್‌ಗಳನ್ನು ಬೇರೆ ಮಾಡಿಕೊಳ್ಳಿ. ಇನ್ನೊಂದು ಸ್ವಿಚ್, ಆಕ್ಸೆಸ್ ಪಾಯಿಂಟ್, ಐಪಿ ಫೋನ್ ಇರುವ ಪೋರ್ಟ್‌ಗಳು ನಿಮ್ಮವು. ಅಲ್ಲಿ ಕಳುಹಿಸುವುದೂ ಪಡೆಯುವುದೂ ಎರಡೂ ಇರಲಿ. ಬರೀ ಕಂಪ್ಯೂಟರ್ ಕೂರುವ ಮೇಜಿನ ಪೋರ್ಟ್‌ಗಳಲ್ಲಿ ಪಡೆಯುವುದು ಸಾಕು. ಇಂಟರ್ನೆಟ್ ಕಂಪನಿಯ ಫೈಬರ್ ಪೆಟ್ಟಿಗೆಗೆ ಹೋಗುವ ಪೋರ್ಟ್, ರಿಸೆಪ್ಷನ್ನಿನಲ್ಲಿ ಬಂದವರು ಚುಚ್ಚಿಕೊಳ್ಳುವ ಗೋಡೆಯ ಸಾಕೆಟ್, ಅದೇ ಕಟ್ಟಡದ ಬೇರೆ ಬಾಡಿಗೆದಾರರ ಕಡೆಗೆ ಹೋದ ತಂತಿ, ಈ ಮೂರರಲ್ಲಿ ಎರಡನ್ನೂ ನಿಲ್ಲಿಸಿ.

ಕಾರಣ ಇದು. ಎಲ್‌ಎಲ್‌ಡಿಪಿ ಫ್ರೇಮಿಗೆ ಗೂಢಲಿಪಿ ಇಲ್ಲ, ಪಾಸ್‌ವರ್ಡ್ ಇಲ್ಲ. ಸ್ವಿಚ್ಚಿನ ಮಾದರಿ, ಸಾಫ್ಟ್‌ವೇರ್ ಆವೃತ್ತಿ, ಮ್ಯಾನೇಜ್‌ಮೆಂಟ್ ಐಪಿ ಎಲ್ಲವೂ ಬಿಡಿಬಿಡಿಯಾಗಿ ಓದಬಹುದಾದ ಹಾಗೆ ಹೋಗುತ್ತವೆ. ಗೋಡೆಯ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಚುಚ್ಚಿದ ಯಾರಿಗೇ ಆಗಲಿ ಅರ್ಧ ನಿಮಿಷದಲ್ಲಿ ಅಷ್ಟೂ ಸಿಗುತ್ತದೆ. ಪಡೆಯುವ ಕಡೆಯೂ ಅಪಾಯ ಇಲ್ಲದಿಲ್ಲ. 2020ರಲ್ಲಿ ಸಿಸ್ಕೊದ ಸಿಡಿಪಿಯಲ್ಲಿ ಐದು ದೋಷಗಳು ಬಯಲಾದವು, ಸೆಕ್ಯುರಿಟಿ ಜಗತ್ತು ಅವನ್ನು ‘ಸಿಡಿಪಿವನ್’ ಎಂದು ಕರೆಯಿತು. ಕೆಡುಕಿನ ಫ್ರೇಮೊಂದನ್ನು ಓದಲು ಹೋಗಿ ಸಾಧನವೇ ಬೇರೆಯವರ ಕೈಗೆ ಸಿಗಬಹುದಾಗಿತ್ತು. ಗೊತ್ತಿಲ್ಲದವರ ತಂತಿಯಿಂದ ಬಂದದ್ದನ್ನು ಓದದಿರುವುದೇ ಕ್ಷೇಮ.

ಇನ್ನು ಸ್ವಿಚ್ಚಿಗೆ

ಆದೇಶಗಳನ್ನು ಇಲ್ಲಿ ಉಚ್ಚಾರಣೆಯಂತೆ ಕೊಟ್ಟಿದೆ, ಟೈಪಿಸುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಸ್ವಿಚ್ಚಿಗೆ ಐಪಿ ಇದ್ದರೆ ಎಸ್‌ಎಸ್‌ಎಚ್ (ದೂರದಿಂದಲೇ ಆದೇಶ ಕೊಡುವ ದಾರಿ) ಮೂಲಕ ಹೋಗಿ. ಇಲ್ಲದಿದ್ದರೆ ಕನ್ಸೋಲ್ ಕೇಬಲ್ ಬೇಕು. ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ಆರ್‌ಜೆ45 ಇರುವಂಥದ್ದು ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ. ಸಿಸ್ಕೊದ ಕ್ಯಾಟಲಿಸ್ಟ್ ಸ್ವಿಚ್ಚಿಗೆ ವೇಗ 9600, ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್. ಪರದೆಯ ಮೇಲೆ ಕಸದಂಥ ಅಕ್ಷರ ಬಂದರೆ ವೇಗ ಹೊಂದಿಲ್ಲ ಎಂದರ್ಥ, 115200 ಇಟ್ಟು ನೋಡಿ.

ಕ್ಯಾಟಲಿಸ್ಟಿನಲ್ಲಿ ಎಲ್‌ಎಲ್‌ಡಿಪಿ ಸಾಮಾನ್ಯವಾಗಿ ಆಫ್ ಆಗಿಯೇ ಬರುತ್ತದೆ. ಆನ್ ಮಾಡಿದ ಕ್ಷಣ ಎಲ್ಲ ಪೋರ್ಟ್‌ಗಳೂ ಒಟ್ಟಿಗೆ ಮಾತಾಡತೊಡಗುತ್ತವೆ. ಆದ್ದರಿಂದ ಹೊರಗಿನ ಪೋರ್ಟ್‌ಗಳನ್ನು ಮೊದಲು ಮುಚ್ಚಿ (ಇಲ್ಲಿ ಅದು 24ನೇ ಪೋರ್ಟ್ ಎಂದಿಟ್ಟುಕೊಳ್ಳಿ):

ಕಾನ್ಫಿಗರ್ ಟರ್ಮಿನಲ್
ಇಂಟರ್ಫೇಸ್ ಗಿಗಾಬಿಟ್‌ಇಥರ್ನೆಟ್ 1/0/24
ನೋ ಎಲ್‌ಎಲ್‌ಡಿಪಿ ಟ್ರಾನ್ಸ್‌ಮಿಟ್
ನೋ ಎಲ್‌ಎಲ್‌ಡಿಪಿ ರಿಸೀವ್
ನೋ ಸಿಡಿಪಿ ಎನೇಬಲ್
ಎಕ್ಸಿಟ್
ಎಲ್‌ಎಲ್‌ಡಿಪಿ ರನ್

ಐದನೇ ಸಾಲು ಮರೆಯಬೇಡಿ. ಎಲ್‌ಎಲ್‌ಡಿಪಿ ಮುಚ್ಚಿ ಸಿಡಿಪಿ ಬಿಟ್ಟರೆ ಅದೇ ಮಾಹಿತಿ ಪಕ್ಕದ ಬಾಗಿಲಿನಿಂದ ಹೊರಗೆ ಹೋಗುತ್ತಿರುತ್ತದೆ.

ಜುನಿಪರ್‌ನಲ್ಲಿ ‘ಸೆಟ್ ಪ್ರೊಟೊಕಾಲ್ಸ್ ಎಲ್‌ಎಲ್‌ಡಿಪಿ ಇಂಟರ್ಫೇಸ್ ಆಲ್’, ಆಮೇಲೆ ‘ಕಮಿಟ್’. ಎಚ್‌ಪಿಯ ಪ್ರೊಕರ್ವ್ ಸಂತತಿಯ ಸ್ವಿಚ್‌ಗಳಲ್ಲಿ ಅದು ಆನ್ ಆಗಿಯೇ ಇರುತ್ತದೆ, ನೀವು ಹೊರಗಿನ ಪೋರ್ಟ್ ಮುಚ್ಚಿದರಾಯಿತು. ಬ್ರೌಸರಿನಲ್ಲಿ ತೆರೆಯುವ ಸಣ್ಣ ಸಿಸ್ಕೊ ಸ್ವಿಚ್‌ಗಳಲ್ಲಿ ಅಡ್ಮಿನಿಸ್ಟ್ರೇಷನ್ ಮೆನುವಿನ ಡಿಸ್ಕವರಿ ವಿಭಾಗಕ್ಕೆ ಹೋಗಿ. ಬೇರೆ ಕಂಪನಿಗಳ ವೆಬ್ ಪುಟದಲ್ಲೂ ಎಲ್‌ಎಲ್‌ಡಿಪಿ ಎಂಬ ಹೆಸರಿನದೇ ಮೆನು ಹುಡುಕಿದರೆ ಸಿಗುತ್ತದೆ.

ಸಮಯದ ಲೆಕ್ಕ

30 ಮತ್ತು 120 ಬದಲಿಸುವ ಅಗತ್ಯ ಬಹುತೇಕ ಬರುವುದೇ ಇಲ್ಲ. ಬದಲಿಸಲೇಬೇಕಾದರೆ ಒಂದು ಕಡೆ ಎಚ್ಚರ. ಹಲವು ಕಂಪನಿಗಳ ಸ್ವಿಚ್ಚಿನಲ್ಲಿ ನೆನಪಿನ ಅವಧಿಯನ್ನು ಗುಣಕವಾಗಿ ಕೊಡುತ್ತಾರೆ: 30 ಸೆಕೆಂಡಿಗೆ 4 ಎಂದರೆ 120. ಕ್ಯಾಟಲಿಸ್ಟಿನಲ್ಲಿ ‘ಎಲ್‌ಎಲ್‌ಡಿಪಿ ಹೋಲ್ಡ್‌ಟೈಮ್’ ಕೇಳುವುದು ನೇರವಾಗಿ ಸೆಕೆಂಡು. ಇನ್ನೊಂದು ಸ್ವಿಚ್ಚಿನ ಅಭ್ಯಾಸದಲ್ಲಿ ಇಲ್ಲಿ 4 ಎಂದು ಹೊಡೆದರೆ ಅದು ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. ಆಮೇಲೆ ಎದುರಿನ ಸ್ವಿಚ್ಚಿನ ಪಟ್ಟಿಯಲ್ಲಿ ನಿಮ್ಮ ಸ್ವಿಚ್ 4 ಸೆಕೆಂಡ್ ಇದ್ದು 26 ಸೆಕೆಂಡ್ ಮಾಯವಾಗುತ್ತದೆ, ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ನೋಡಿದವರು ಕೇಬಲ್ ಕೆಟ್ಟಿದೆ ಎಂದುಕೊಂಡು ಕ್ರಿಂಪಿಂಗ್ ಟೂಲ್ ಹಿಡಿದು ಹೊರಡುತ್ತಾರೆ. ಪೋರ್ಟಿನ ದೀಪ ಒಮ್ಮೆಯೂ ಆರದೆ ಪಟ್ಟಿಯಲ್ಲಿ ಮಾತ್ರ ಹೆಸರು ಬಂದು ಹೋಗುತ್ತಿದ್ದರೆ ಕೇಬಲಿಗೆ ಕೈಹಚ್ಚುವ ಮೊದಲು ಹೋಲ್ಡ್‌ಟೈಮ್ ನೋಡಿ.

ಪಟ್ಟಿ ಓದುವುದು

ಒಂದು ನಿಮಿಷ ಬಿಟ್ಟು ‘ಶೋ ಎಲ್‌ಎಲ್‌ಡಿಪಿ ನೈಬರ್ಸ್’ ಕೊಡಿ. ಒಂದು ಸಾಲು ಹೀಗಿರುತ್ತದೆ:

ಮಹಡಿ2-ಹಾಲ್-ಎಪಿ1   ಜಿಐ1/0/17   120   ಬಿ,ಡಬ್ಲ್ಯೂ   ಇಥ್0

ಎದುರಿನ ಸಾಧನದ ಹೆಸರು, ನಿಮ್ಮ ಕಡೆಯ ಪೋರ್ಟ್, ನೆನಪಿನ ಅವಧಿ, ಸಾಧನದ ಬಗೆ, ಅದರ ಕಡೆಯ ಪೋರ್ಟ್. ಬಗೆಯಲ್ಲಿ ‘ಬಿ’ ಎಂದರೆ ಬ್ರಿಡ್ಜ್, ಅಂದರೆ ಸ್ವಿಚ್ಚಿನ ಕೆಲಸ. ‘ಡಬ್ಲ್ಯೂ’ ವೈಫೈ, ‘ಆರ್’ ರೂಟರ್, ‘ಟಿ’ ಟೆಲಿಫೋನ್. ಎರಡನೇ ಮಹಡಿಯ ವೈಫೈಗೆ 17ನೇ ಪೋರ್ಟ್ ಎಂಬುದು ಈಗ ಕುರ್ಚಿಯಿಂದ ಏಳದೆಯೇ ಗೊತ್ತಾಯಿತು. ಇದೇ ಆದೇಶದ ಕೊನೆಗೆ ‘ಡೀಟೇಲ್’ ಸೇರಿಸಿದರೆ ಐಪಿ, ಸಾಫ್ಟ್‌ವೇರ್ ಆವೃತ್ತಿ, ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಕೂಡ ಬರುತ್ತವೆ.

ಒಂದೇ ಪೋರ್ಟಿನಲ್ಲಿ ಎರಡು ಮೂರು ಹೆಸರು ಕಂಡರೆ ಯಾರೋ ಮೇಜಿನ ಕೆಳಗೆ 5 ಪೋರ್ಟಿನ ಅಗ್ಗದ ಸ್ವಿಚ್ ಇಟ್ಟಿರಬಹುದು. ಅಂಥವುಗಳಲ್ಲಿ ಕೆಲವು ಎಲ್‌ಎಲ್‌ಡಿಪಿ ಫ್ರೇಮನ್ನು ಎಲ್ಲ ಕಡೆಗೂ ಹರಡುತ್ತವೆ, ಕೆಲವು ನುಂಗಿಬಿಡುತ್ತವೆ. ಫೋನಿನ ಹಿಂದೆ ಕಂಪ್ಯೂಟರ್ ಸಿಕ್ಕಿಸಿದ್ದರೂ ಎರಡು ಹೆಸರು ಬರಬಹುದು, ಅದು ಸಹಜ.

ಫೋನು, ಆಕ್ಸೆಸ್ ಪಾಯಿಂಟು

ಐಪಿ ಫೋನಿಗೆ ವಾಯ್ಸ್ ವಿಲ್ಯಾನ್ ಸಂಖ್ಯೆ ತಿಳಿಯುವುದು ಎಲ್‌ಎಲ್‌ಡಿಪಿಯ ‘ಮೆಡ್’ ಎಂಬ ವಿಸ್ತರಣೆಯಿಂದ. ಪೋರ್ಟಿನಲ್ಲಿ ‘ಸ್ವಿಚ್‌ಪೋರ್ಟ್ ವಾಯ್ಸ್ ವಿಲ್ಯಾನ್ 20’ ಎಂದು ಕೊಟ್ಟರೆ ಸ್ವಿಚ್ ಆ 20ನ್ನು ಫೋನಿಗೆ ದಾಟಿಸುತ್ತದೆ. ಆದರೆ ಸ್ವಿಚ್ ತಾನಾಗಿ ಮೆಡ್ ಮಾತು ಶುರು ಮಾಡುವುದಿಲ್ಲ. ಫೋನ್ ಮೊದಲು ಮಾತಾಡಬೇಕು, ಅದು ಸ್ವಿಚ್ಚಿಗೆ ಕೇಳಿಸಬೇಕು. ಆದ್ದರಿಂದ ಫೋನಿನ ಪೋರ್ಟಿನಲ್ಲಿ ‘ರಿಸೀವ್’ ಆಫ್ ಮಾಡಿ ‘ಟ್ರಾನ್ಸ್‌ಮಿಟ್’ ಮಾತ್ರ ಬಿಟ್ಟರೆ ಫೋನಿಗೆ ವಿಲ್ಯಾನ್ ಸಿಗುವುದಿಲ್ಲ, ಅದು ಕಂಪ್ಯೂಟರುಗಳ ವಿಲ್ಯಾನಿನಲ್ಲೇ ಐಪಿ ತೆಗೆದುಕೊಂಡು ಎಕ್ಸ್‌ಚೇಂಜ್ ಸಿಗದೆ ‘ರಿಜಿಸ್ಟರಿಂಗ್’ ಎಂದು ತೋರಿಸುತ್ತ ಕೂರುತ್ತದೆ.

ಪಿಒಇ, ಅಂದರೆ ನೆಟ್‌ವರ್ಕ್ ಕೇಬಲಿನಲ್ಲೇ ವಿದ್ಯುತ್ ಕೊಡುವ ವಿಷಯವೂ ಇದಕ್ಕೆ ಸೇರಿದ್ದು. 802.3ಎಎಫ್ ಪ್ರಕಾರ ಸ್ವಿಚ್ ಒಂದು ಪೋರ್ಟಿಗೆ 15.4 ವಾಟ್ ಕೊಡುತ್ತದೆ, 802.3ಎಟಿ ಪ್ರಕಾರ 30 ವಾಟ್. ಕೆಲವು ಆಕ್ಸೆಸ್ ಪಾಯಿಂಟ್‌ಗಳು ಮೊದಲು ಕಡಿಮೆಯಲ್ಲಿ ಎದ್ದು, ಹೆಚ್ಚಿನ ವಿದ್ಯುತ್ತನ್ನು ಎಲ್‌ಎಲ್‌ಡಿಪಿಯಲ್ಲಿ ಕೇಳುತ್ತವೆ. ಕೇಳಿದ್ದು ಸ್ವಿಚ್ಚಿಗೆ ಮುಟ್ಟದಿದ್ದರೆ ಅವು ಕೆಡುವುದಿಲ್ಲ, ಒಂದು ರೇಡಿಯೊ ಆರಿಸಿಕೊಂಡು ಅರೆಹೊಟ್ಟೆಯಲ್ಲಿ ನಡೆಯುತ್ತವೆ. ವೈಫೈ ನಿಧಾನ ಎಂಬ ದೂರು ಬರುತ್ತದೆ, ಕಾರಣ ಮಾತ್ರ ಬೇಗ ಹೊಳೆಯುವುದಿಲ್ಲ. ಸ್ವಿಚ್ಚಿನ ವಿದ್ಯುತ್ ಬಜೆಟ್ ಲೆಕ್ಕಕ್ಕೂ ಇದು ಬೇಕು. 370 ವಾಟಿನ ಸ್ವಿಚ್ಚಿನಲ್ಲಿ ಪ್ರತಿ ಪೋರ್ಟಿಗೆ 30 ವಾಟ್ ಮೀಸಲಿಟ್ಟರೆ 12 ಆಕ್ಸೆಸ್ ಪಾಯಿಂಟಿಗೆ 360 ಆಗಿ ಬಜೆಟ್ ಮುಗಿಯಿತು. ಪ್ರತಿಯೊಂದೂ ತನಗೆ 18 ವಾಟ್ ಸಾಕು ಎಂದು ಹೇಳಿಕೊಂಡರೆ 216, ಕೇಬಲಿನಲ್ಲಿ ಸೋರುವುದನ್ನು ಸೇರಿಸಿದರೂ ಕ್ಯಾಮೆರಾಗಳಿಗೆ ಬೇಕಾದಷ್ಟು ಉಳಿಯುತ್ತದೆ.

ಪಟ್ಟಿಯಲ್ಲಿ ಏನೂ ಬಾರದಿದ್ದರೆ

ಮೊದಲು ‘ಶೋ ಎಲ್‌ಎಲ್‌ಡಿಪಿ ಟ್ರಾಫಿಕ್’ ನೋಡಿ. ಕಳುಹಿಸಿದ ಎಣಿಕೆ ಏರುತ್ತಿದ್ದು ಬಂದ ಎಣಿಕೆ ಸೊನ್ನೆಯಲ್ಲೇ ನಿಂತಿದ್ದರೆ ಎದುರಿನ ಸಾಧನದಲ್ಲಿ ಎಲ್‌ಎಲ್‌ಡಿಪಿ ಆನ್ ಆಗಿಲ್ಲ, ಇಲ್ಲವೇ ನಡುವೆ ಫ್ರೇಮ್ ನುಂಗುವ ಸ್ವಿಚ್ ಇದೆ. ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕಿನಲ್ಲಿ ಸುತ್ತು ಬೀಳದಂತೆ ಕೆಲವು ಪೋರ್ಟ್ ಮುಚ್ಚುವ ಏರ್ಪಾಡು) ತಡೆದ ಪೋರ್ಟಿನಲ್ಲೂ ಎಲ್‌ಎಲ್‌ಡಿಪಿ ಓಡಾಡುತ್ತದೆ, ಆದ್ದರಿಂದ ಅದನ್ನು ದೂರಬೇಡಿ. ಎರಡು ಕೇಬಲ್ ಸೇರಿಸಿ ಎಲ್‌ಎಸಿಪಿ ಬಂಡಲ್ ಮಾಡಿದ್ದರೆ ಹುಡುಕಬೇಕಾದದ್ದು ಬಂಡಲಿನ ಹೆಸರಿನಲ್ಲಿ ಅಲ್ಲ, ಒಂದೊಂದು ಪೋರ್ಟಿನಲ್ಲಿ. ಎರಡರಲ್ಲಿ ಒಂದು ಕೇಬಲ್ ತಪ್ಪು ಸ್ವಿಚ್ಚಿಗೆ ಹೋಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಲಿನಕ್ಸ್ ಸರ್ವರ್‌ಗಳು ತಾವಾಗಿ ಮಾತಾಡುವುದು ಕಡಿಮೆ. ಉಬುಂಟುವಿನಲ್ಲಿ ‘ಎಲ್‌ಎಲ್‌ಡಿಪಿಡಿ’ ಪ್ಯಾಕೇಜ್ ಹಾಕಿ, ‘ಎಲ್‌ಎಲ್‌ಡಿಪಿಸಿಎಲ್‌ಐ ಶೋ ನೈಬರ್ಸ್’ ಕೊಡಿ. ಸರ್ವರಿನಲ್ಲಿ ಇಂಟೆಲ್ ಎಕ್ಸ್710 ಕಾರ್ಡ್ ಇದ್ದರೆ ಇಷ್ಟು ಮಾಡಿದರೂ ಪಟ್ಟಿ ಖಾಲಿ ಬರಬಹುದು. ಆ ಕಾರ್ಡಿನ ಫರ್ಮ್‌ವೇರ್ ಎಲ್‌ಎಲ್‌ಡಿಪಿ ಫ್ರೇಮನ್ನು ತಾನೇ ತೆಗೆದುಕೊಂಡುಬಿಡುತ್ತದೆ, ಆಪರೇಟಿಂಗ್ ಸಿಸ್ಟಮ್‌ವರೆಗೆ ಬಿಡುವುದಿಲ್ಲ. ‘ಇಥ್‌ಟೂಲ್’ ಬಳಸಿ ‘ಡಿಸೇಬಲ್-ಎಫ್‌ಡಬ್ಲ್ಯೂ-ಎಲ್‌ಎಲ್‌ಡಿಪಿ’ ಎಂಬ ಪ್ರೈವೇಟ್ ಫ್ಲ್ಯಾಗನ್ನು ಆನ್ ಮಾಡಿದರೆ ಸರಿಹೋಗುತ್ತದೆ. ವರ್ಚುವಲ್ ಮಷೀನಿನೊಳಗೆ ಕಾಣದಿರುವುದು ಬೇರೆ ಸಂಗತಿ: ಲಿನಕ್ಸ್ ಬ್ರಿಡ್ಜ್ ಕೂಡ ಒಂದು ಸ್ವಿಚ್ಚೇ, ಅದೂ ಮಾನದಂಡದಂತೆ ಆ ಫ್ರೇಮನ್ನು ತಡೆಯುತ್ತದೆ. ಅನುಮಾನ ಉಳಿದರೆ ವೈರ್‌ಶಾರ್ಕ್ ತೆರೆದು ‘ಎಲ್‌ಎಲ್‌ಡಿಪಿ’ ಎಂದು ಫಿಲ್ಟರ್ ಹಾಕಿ 30 ಸೆಕೆಂಡ್ ಕಾಯಿರಿ.

ಕೊನೆಗೆ ‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್’ ಕೊಟ್ಟು ಉಳಿಸಿ. ಉಳಿಸದೆ ಬಿಟ್ಟರೆ ಮಳೆಗಾಲದ ಒಂದು ಸಂಜೆ ಕರೆಂಟ್ ಹೋಗಿ ಯುಪಿಎಸ್ ಬರಿದಾದ ಕೂಡಲೇ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ಉಳಿಸಿದ ಮೇಲೆ ನೈಬರ್ ಪಟ್ಟಿಯನ್ನು ಪ್ರಿಂಟ್ ತೆಗೆದು, ತಾರೀಕು ಬರೆದು, ರ‍್ಯಾಕಿನ ಬಾಗಿಲ ಒಳಬದಿಗೆ ಅಂಟಿಸಿ. ಸ್ವಿಚ್ಚೇ ಸತ್ತು ಹೊಸದು ಕೂರಿಸುವ ದಿನ ಯಾವ ಕೇಬಲ್ ಯಾವ ಪೋರ್ಟಿಗೆ ಎಂದು ಹೇಳಲು ಆ ಹಾಳೆಯೊಂದೇ ಇರುತ್ತದೆ.