ಶಿರಾ ಗೇಟ್‌ನ ಗಾಣ ಗೂಗಲ್‌ನಲ್ಲಿ ಸಿಗಬೇಕಾದರೆ

ತುಮಕೂರಿನ ಶಿರಾ ಗೇಟ್ ಕಡೆ ನಿಮ್ಮದೊಂದು ಮರದ ಗಾಣದ ಎಣ್ಣೆ ಅಂಗಡಿ ಇದೆ ಅಂತ ಇಟ್ಟುಕೊಳ್ಳಿ. ಕಡಲೆಕಾಯಿ, ಕೊಬ್ಬರಿ, ಎಳ್ಳು, ಹುಚ್ಚೆಳ್ಳು ಎಲ್ಲಾ ಆಡಿಸುತ್ತೀರಿ. ಅಕ್ಕಪಕ್ಕದ ಬೀದಿಯವರಿಗೆ ಅಂಗಡಿ ಗೊತ್ತು. ಬಟವಾಡಿಯಲ್ಲಿ ಹೊಸದಾಗಿ ಮನೆ ಮಾಡಿದವರಿಗೆ ಗೊತ್ತಿಲ್ಲ. ಅವರು ಈಗ ಯಾರನ್ನೂ ಕೇಳುವುದಿಲ್ಲ, ಫೋನ್ ತೆಗೆದು ಹುಡುಕುತ್ತಾರೆ. ಅಲ್ಲಿ ನೀವು ಕಾಣದಿದ್ದರೆ ಎಣ್ಣೆ ಇನ್ನೊಂದು ಅಂಗಡಿಯಿಂದ ಹೋಗುತ್ತದೆ, ಅಷ್ಟೇ.

ಇಂಥ ಅಂಗಡಿಗಳಿಗೆ ಫೋನ್ ಮೇಲೆ ಫೋನ್ ಬರುತ್ತದೆ. ‘ವೆಬ್‌ಸೈಟ್ ಮಾಡಿಕೊಡ್ತೀವಿ ಸರ್, ಎಸ್‌ಇಒ ಮಾಡ್ತೀವಿ, ಗೂಗಲ್‌ನಲ್ಲಿ ನಂಬರ್ ಒನ್ ಗ್ಯಾರಂಟಿ.’ ಎಸ್‌ಇಒ ಅಂದರೆ ಹುಡುಕಿದಾಗ ಸೈಟು ಮೇಲೆ ಕಾಣುವ ಹಾಗೆ ಮಾಡುವ ಕೆಲಸ. ಆ ಗ್ಯಾರಂಟಿಯನ್ನು ಯಾರೂ ಕೊಡಲಾರರು ಅಂತ ಗೂಗಲ್ ತಾನೇ ತನ್ನ ಮಾರ್ಗದರ್ಶಿಯಲ್ಲಿ ಬರೆದಿಟ್ಟಿದೆ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಅಂಗಡಿಯವರೇ ಮಾಡಿಕೊಳ್ಳಬಹುದಾದದ್ದು. ಅದೂ ಒಂದು ಕ್ರಮದಲ್ಲಿ ಮಾಡಿದರೆ ದುಡ್ಡು ಉಳಿಯುತ್ತದೆ. ನಿಮ್ಮದು ಗಾಣವಲ್ಲ, ಟೈಲರ್ ಅಂಗಡಿ, ಗ್ಯಾರೇಜು, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲು ಅಂದರೂ ಕ್ರಮ ಇದೇ.

ಮೊದಲು ಗಿರಾಕಿ ಹುಡುಕುವ ಹಾಗೆ ಹುಡುಕಿ

ನಿಮ್ಮ ಫೋನ್‌ನಲ್ಲಿ ನಿಮ್ಮ ಅಂಗಡಿ ಮೇಲೇ ಕಾಣಬಹುದು. ಅದನ್ನು ನಂಬಬೇಡಿ. ನೀವು ದಿನಾ ನೋಡುವ ಜಾಗ ಅಂತ ಫೋನ್‌ಗೆ ಗೊತ್ತಿರುತ್ತದೆ. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ (ನಿಮ್ಮ ಹಳೇ ಹುಡುಕಾಟ ಲೆಕ್ಕಕ್ಕೆ ಬಾರದ ಕಿಟಕಿ) ತೆಗೆಯಿರಿ, ಇಲ್ಲವೇ ನೆಂಟರ ಫೋನ್ ಇಸಿದುಕೊಳ್ಳಿ. ‘ತುಮಕೂರು ಗಾಣದ ಎಣ್ಣೆ’ ಅಂತ ಕನ್ನಡದಲ್ಲಿ ಹುಡುಕಿ. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ನೋಡಿ. ‘ಕೋಲ್ಡ್ ಪ್ರೆಸ್ಡ್ ಆಯಿಲ್ ನಿಯರ್ ಮಿ’ ಅಂತಲೂ ನೋಡಿ. ಮೈಕ್ ಒತ್ತಿ ಬಾಯಲ್ಲಿ ಹೇಳಿಯೂ ನೋಡಿ. ಟೈಪ್ ಮಾಡಲು ಬೇಸರಪಡುವವರು ಹೀಗೇ ಹುಡುಕುವುದು.

ಊರಿನ ಹೆಸರಿನದೂ ಒಂದು ಗೊಂದಲ ಇದೆ. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ಅಧಿಕೃತವಾಗಿ ತುಮಕೂರು ಆಗಿದೆ. ಆದರೂ ‘ಟುಮ್‌ಕೂರ್’ ಅಂತ ಹಳೇ ಸ್ಪೆಲಿಂಗ್ ಹೊಡೆಯುವವರು ಬೇಕಾದಷ್ಟು ಜನ ಇದ್ದಾರೆ. ಎರಡೂ ಒಂದೇ ಊರು ಅಂತ ಗೂಗಲ್‌ಗೆ ಗೊತ್ತು. ವಿಳಾಸದಲ್ಲಿ ಹೊಸ ಸ್ಪೆಲಿಂಗ್, ಇಂಗ್ಲಿಷ್ ಪುಟದಲ್ಲಿ ಎಲ್ಲೋ ಒಂದು ಕಡೆ ಹಳೇದು, ಇಷ್ಟಿದ್ದರೆ ಸಾಕು. ಸಾಲಿಗೊಂದು ಸಲ ತುರುಕಬೇಕಿಲ್ಲ.

ಹುಡುಕಿದಾಗ ಏನು ಬರುತ್ತದೆ ಗಮನಿಸಿ. ಸಾಮಾನ್ಯವಾಗಿ ಮೇಲೆ ಮ್ಯಾಪು, ಅದರ ಜೊತೆ ಎರಡು ಮೂರು ಅಂಗಡಿಗಳ ಹೆಸರು. ವೆಬ್‌ಸೈಟ್‌ಗಳ ಸರದಿ ಅದರ ಕೆಳಗೆ. ಅಂದರೆ ಊರೊಳಗಿನ ಅಂಗಡಿಗೆ ಮೊದಲ ಪೈಪೋಟಿ ಇರುವುದು ಮ್ಯಾಪ್‌ನಲ್ಲಿ. ಇದನ್ನು ಬಿಟ್ಟು ಸೀದಾ ಇಪ್ಪತ್ತೈದು ಸಾವಿರದ ವೆಬ್‌ಸೈಟಿಗೆ ಕೈ ಹಾಕುವುದು ನನ್ನ ಪ್ರಕಾರ ಉಲ್ಟಾ ಕೆಲಸ.

ಮ್ಯಾಪ್‌ನ ಕೆಲಸ ಒಂದು ಭಾನುವಾರದ್ದು

ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಪೂರ್ತಿ ಉಚಿತ. 2021ರವರೆಗೆ ಇದರ ಹೆಸರು ಗೂಗಲ್ ಮೈ ಬಿಸಿನೆಸ್ ಅಂತಿತ್ತು. ‘ನಿಮ್ಮ ಲಿಸ್ಟಿಂಗ್ ಇವತ್ತು ಸಂಜೆಗೆ ಡಿಲೀಟ್ ಆಗುತ್ತೆ, ದುಡ್ಡು ಕಟ್ಟಿ’ ಅಂತ ಯಾರಾದರೂ ಫೋನ್ ಮಾಡಿದರೆ ಸುಮ್ನೆ ಇಟ್ಟುಬಿಡಿ.

ಮ್ಯಾಪ್ ತೆಗೆದು ಅಂಗಡಿ ಹೆಸರು ಹುಡುಕಿ. ಯಾರೋ ಗಿರಾಕಿ ಆಗಲೇ ಸೇರಿಸಿರಬಹುದು. ಇದ್ದರೆ ಅದನ್ನೇ ನಿಮ್ಮದು ಅಂತ ಕ್ಲೇಮ್ ಮಾಡಿ, ಇಲ್ಲದಿದ್ದರೆ ಹೊಸದಾಗಿ ಸೇರಿಸಿ. ಈಗ ಜಾಸ್ತಿ ಜನರಿಗೆ ವಿಡಿಯೊ ಮೂಲಕ ಪರಿಶೀಲನೆ ಆಗುತ್ತದೆ. ರಸ್ತೆ, ಅಂಗಡಿ ಬೋರ್ಡು, ಒಳಗಿನ ಗಾಣ, ನೀವೇ ಬೀಗ ತೆಗೆಯುವುದು ಇವೆಲ್ಲ ಒಂದೇ ಓಟದಲ್ಲಿ ಇರಬೇಕು. ಕತ್ತರಿಸಿ ಅಂಟಿಸಿದ ವಿಡಿಯೊ ನಡೆಯುವುದಿಲ್ಲ.

ಹೆಸರು ಬೋರ್ಡ್‌ನಲ್ಲಿ ಇರುವ ಹಾಗೇ ಇರಲಿ. ಹೆಸರಿನ ಬಾಲಕ್ಕೆ ‘ಬೆಸ್ಟ್ ಆಯಿಲ್ ಇನ್ ತುಮಕೂರು’ ಅಂತ ಕಟ್ಟುವ ಚಾಳಿ ಇದೆ. ಅದು ನಿಯಮಕ್ಕೆ ವಿರುದ್ಧ, ಪ್ರೊಫೈಲೇ ಅಮಾನತಾಗಬಹುದು. ವಿಭಾಗ ಆರಿಸುವಾಗ ಕಿರಾಣಿ ಅಂಗಡಿ ಅಂತ ಒತ್ತಿ ಮುಂದೆ ಹೋಗಬೇಡಿ. ನಿಮ್ಮ ಕೆಲಸಕ್ಕೆ ತೀರಾ ಹತ್ತಿರದ್ದನ್ನು ಮುಖ್ಯ ವಿಭಾಗವಾಗಿ ಆರಿಸಿ. ಪಿನ್ ಎಲ್ಲಿ ಕೂತಿದೆ ಅಂತ ಜೂಮ್ ಮಾಡಿ ನೋಡಿ. ಒತ್ತೊತ್ತಾದ ಗಲ್ಲಿಗಳಲ್ಲಿ ಅದು ಹಿಂದಿನ ರಸ್ತೆಗೆ ಹೋಗಿ ಕೂತಿರುತ್ತದೆ, ಗಿರಾಕಿ ಯಾರದೋ ಕಾಂಪೌಂಡಿನ ಮುಂದೆ ನಿಂತು ನಿಮಗೆ ಫೋನ್ ಮಾಡುತ್ತಾನೆ. ಮಧ್ಯಾಹ್ನ ಎರಡು ಗಂಟೆ ಬಾಗಿಲು ಹಾಕುತ್ತೀರಾ? ಅದನ್ನೂ ನಮೂದಿಸಿ. ಹಬ್ಬದ ರಜೆಗೆ ಬೇರೆ ಜಾಗ ಇದೆ, ಯುಗಾದಿಗೆ ಮುಂಚೆಯೇ ಹಾಕಿಬಿಡಿ.

ಮ್ಯಾಪ್‌ನಲ್ಲಿ ಯಾರು ಮೇಲೆ ಬರಬೇಕು ಅನ್ನುವುದಕ್ಕೆ ಗೂಗಲ್ ಮೂರು ವಿಷಯ ಹೇಳುತ್ತದೆ: ಹುಡುಕಿದ್ದಕ್ಕೂ ಅಂಗಡಿಗೂ ಎಷ್ಟು ಹೊಂದುತ್ತದೆ, ಎಷ್ಟು ದೂರ ಇದೆ, ಎಷ್ಟು ಹೆಸರು ಮಾಡಿದೆ. ದೂರ ನಿಮ್ಮ ಕೈಲಿಲ್ಲ. ಕ್ಯಾತ್ಸಂದ್ರದಲ್ಲಿ ನಿಂತು ಹುಡುಕಿದವರಿಗೆ ಕ್ಯಾತ್ಸಂದ್ರದ ಅಂಗಡಿ ಮೊದಲು ಕಂಡರೆ ಬೇಜಾರು ಮಾಡಿಕೊಳ್ಳಬೇಡಿ. ಜಾಹೀರಾತಿಗೆ ದುಡ್ಡು ಕೊಡಬಹುದು, ಆದರೆ ಈ ಪಟ್ಟಿಯಲ್ಲಿ ದುಡ್ಡು ಕೊಟ್ಟು ಮೇಲೆ ಹತ್ತಲು ಆಗುವುದಿಲ್ಲ.

ಹೆಸರು ಬರುವುದರಲ್ಲಿ ರಿವ್ಯೂಗಳ ಪಾತ್ರ ದೊಡ್ಡದು. ಕೇಳಿದರೆ ತಪ್ಪಿಲ್ಲ. ಪ್ರೊಫೈಲ್‌ನಲ್ಲೇ ರಿವ್ಯೂ ಲಿಂಕ್ ಸಿಗುತ್ತದೆ. ಅದರ ಕ್ಯೂಆರ್ ಕೋಡ್ ಪ್ರಿಂಟ್ ಹಾಕಿಸಿ ಗಲ್ಲಾಪೆಟ್ಟಿಗೆ ಪಕ್ಕ ಅಂಟಿಸಿ. ‘ಐದು ಸ್ಟಾರ್ ಕೊಟ್ಟರೆ ಕಾಲು ಲೀಟರ್ ಫ್ರೀ’ ಅನ್ನುವುದು ಮಾತ್ರ ಬೇಡ, ಗೂಗಲ್ ಅದನ್ನು ನಿಷೇಧಿಸಿದೆ. ರಿವ್ಯೂ ಕಾಸಿಗೆ ಸಿಗುತ್ತದೆ ಅಂತ ಬರುವವರನ್ನೂ ಬಾಗಿಲಿನಿಂದಲೇ ಕಳಿಸಿ. ಕೆಟ್ಟ ರಿವ್ಯೂ ಬಂದರೆ ಜಗಳಕ್ಕೆ ನಿಲ್ಲಬೇಡಿ. ‘ಎಣ್ಣೆ ಕನರು ವಾಸನೆ’ ಅಂತ ಒಬ್ಬರು ಬರೆದಿದ್ದಾರೆ ಅನ್ನಿ. ‘ಯಾವ ದಿನ ತಗೊಂಡಿದ್ದು ಹೇಳಿ, ಬಾಟಲಿ ತನ್ನಿ, ನೋಡಿ ಬದಲಾಯಿಸಿಕೊಡ್ತೀವಿ’ ಅಂತ ಬರೆಯಿರಿ. ಈ ಉತ್ತರವನ್ನು ಓದುವವರು ಮುಂದಿನ ಗಿರಾಕಿಗಳು.

ಸೈಟು ಯಾರ ಹೆಸರಿನಲ್ಲಿದೆ?

ಮ್ಯಾಪ್ ಸರಿಯಾದ ಮೇಲೆ ವೆಬ್‌ಸೈಟ್. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಇದೆಯಲ್ಲ, ಇದ್ಯಾಕೆ ಅಂತ ಕೇಳಬಹುದು. ಅವು ಬೇರೆಯವರ ಜಾಗ, ಅವರು ಮುಚ್ಚಿದರೆ ನಿಮ್ಮದೂ ಹೋಯಿತು. ಗೂಗಲ್ ಒಂದು ಕಾಲದಲ್ಲಿ ಬಿಸಿನೆಸ್ ಪ್ರೊಫೈಲ್ ಜೊತೆಗೇ ಪುಕ್ಕಟೆ ವೆಬ್‌ಸೈಟ್ ಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅವನ್ನೆಲ್ಲ ಮುಚ್ಚಿತು. ಆ ವಿಳಾಸವನ್ನೇ ಬಿಲ್‌ಬುಕ್ಕು, ಬೋರ್ಡು, ವಿಸಿಟಿಂಗ್ ಕಾರ್ಡಿಗೆಲ್ಲ ಅಚ್ಚು ಹಾಕಿಸಿದ್ದವರ ಪಾಡು ಊಹಿಸಿ.

ಹಾಗಾಗಿ ಸ್ವಂತ ಡೊಮೈನ್, ಅಂದರೆ ವೆಬ್‌ಸೈಟಿನ ವಿಳಾಸ, ತೆಗೆದುಕೊಳ್ಳಿ. ಡಾಟ್ ಇನ್ ಆಗಲಿ ಡಾಟ್ ಕಾಮ್ ಆಗಲಿ, ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಮೊದಲ ವರ್ಷ ತೊಂಬತ್ತೊಂಬತ್ತು ರೂಪಾಯಿ ಅಂತ ಆಸೆ ತೋರಿಸುತ್ತಾರೆ, ಎರಡನೇ ವರ್ಷದ ರೇಟು ಎಷ್ಟು ಅಂತ ನೋಡಿ ತಗೊಳ್ಳಿ. ಅದಕ್ಕಿಂತ ಮುಖ್ಯ, ನಿಮ್ಮ ಇ–ಮೇಲ್, ನಿಮ್ಮ ಫೋನ್ ನಂಬರ್, ನಿಮ್ಮ ಕಾರ್ಡ್ ಹಾಕಿ ನೀವೇ ರಿಜಿಸ್ಟರ್ ಮಾಡಿ. ಬಡಾವಣೆಯಲ್ಲಿ ಸೈಟ್ ಕೊಂಡು ಖಾತೆಯನ್ನು ಬ್ರೋಕರ್ ಹೆಸರಿಗೆ ಮಾಡಿಸುತ್ತೀರಾ? ಇಲ್ಲಿ ದಿನಾ ಆಗುತ್ತಿರುವುದು ಅದೇ. ವೆಬ್‌ಸೈಟ್ ಮಾಡಿದ ಹುಡುಗ ತನ್ನ ಅಕೌಂಟಿನಲ್ಲಿ ಡೊಮೈನ್ ತೆಗೆದಿರುತ್ತಾನೆ. ಎರಡು ವರ್ಷ ಆದಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ನಂಬರ್ ಬದಲಾಯಿಸಿರುತ್ತಾನೆ. ರಿನ್ಯೂ ಮಾಡುವುದಕ್ಕೂ ದಾರಿ ಇರುವುದಿಲ್ಲ.

ಫೋನ್‌ನಲ್ಲಿ ನೋಡಿ, ಕಂಪ್ಯೂಟರ್‌ನಲ್ಲಲ್ಲ

ವೆಬ್‌ಸೈಟ್ ಮಾಡಿದವರು ಲ್ಯಾಪ್‌ಟಾಪ್ ತಿರುಗಿಸಿ ತೋರಿಸುತ್ತಾರೆ, ಭರ್ಜರಿಯಾಗೇ ಕಾಣುತ್ತದೆ. ನಿಮ್ಮ ಗಿರಾಕಿ ಅದನ್ನು ನೋಡುವುದು ಗುಬ್ಬಿ ಬಸ್ಸಿನಲ್ಲಿ ಕೂತು, ಎರಡು ಕಡ್ಡಿ ಸಿಗ್ನಲ್‌ನಲ್ಲಿ. ಗೂಗಲ್ ಕೂಡ ಈಗ ಸೈಟಿನ ಮೊಬೈಲ್ ರೂಪವನ್ನೇ ಓದಿ ಲೆಕ್ಕಕ್ಕೆ ಇಟ್ಟುಕೊಳ್ಳುತ್ತದೆ. ಈ ಬದಲಾವಣೆ 2023ರ ಅಕ್ಟೋಬರ್ ಹೊತ್ತಿಗೆ ಪೂರ್ತಿಯಾಯಿತು.

ವೇಗಕ್ಕೆ ಗೂಗಲ್ ಮೂರು ಅಳತೆ ಇಟ್ಟಿದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಬೆರಳಿಟ್ಟರೆ 200 ಮಿಲಿಸೆಕೆಂಡಿನೊಳಗೆ ಪುಟ ಸ್ಪಂದಿಸಬೇಕು, ಈ ಅಳತೆ ಬಂದದ್ದು 2024ರ ಮಾರ್ಚ್‌ನಲ್ಲಿ. ಮೂರನೆಯದು ಜಿಗಿತ. ‘ಕರೆ ಮಾಡಿ’ ಬಟನ್ ಒತ್ತಲು ಹೋಗುತ್ತೀರಿ, ಅಷ್ಟರಲ್ಲಿ ಮೇಲಿಂದ ಬ್ಯಾನರ್ ಒಂದು ಇಳಿದು ಎಲ್ಲಾ ಕೆಳಗೆ ಸರಿಯುತ್ತದೆ, ನೀವು ಇನ್ನೇನನ್ನೋ ಒತ್ತಿರುತ್ತೀರಿ. ಸಿಟ್ಟು ಬರುತ್ತೆ ಅಲ್ವಾ? ಆ ಅಳತೆ 0.1ಕ್ಕಿಂತ ಕಡಿಮೆ ಇರಬೇಕು. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅನ್ನುವ ಉಚಿತ ಸಾಧನಕ್ಕೆ ನಿಮ್ಮ ವಿಳಾಸ ಕೊಟ್ಟರೆ ವೇಗಕ್ಕೆ ನೂರಕ್ಕೆ ಇಷ್ಟು ಅಂತ ಅಂಕ ಕೊಟ್ಟು, ತೊಂದರೆ ಇರುವುದನ್ನು ಕೆಂಪಿನಲ್ಲಿ ತೋರಿಸುತ್ತದೆ. ನೂರಕ್ಕೆ ನೂರು ಬರಬೇಕು ಅಂತ ಹಟ ಬೇಡ, ಕೆಂಪು ಇಲ್ಲದಿದ್ದರೆ ಸಾಕು.

ನಿಧಾನವಾಗಲು ಸಾಮಾನ್ಯವಾಗಿ ಕಾರಣ ಫೋಟೊ. ಫೋನಿನಲ್ಲಿ ತೆಗೆದ ಒಂದು ಫೋಟೊ ನಾಲ್ಕೈದು ಎಂಬಿ ಇರುತ್ತದೆ. ಅದನ್ನು ಕುಗ್ಗಿಸಿ ವೆಬ್‌ಪಿ ಅನ್ನುವ ಹಗುರ ಫೈಲ್ ರೂಪಕ್ಕೆ ತಂದರೆ ಇನ್ನೂರು ಕೆಬಿ ಒಳಗೆ ಆರಾಮಾಗಿ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಓಡುವ ಅಕ್ಷರ, ತಿರುಗುವ ಚಿತ್ರ, ತೆರೆದ ಕೂಡಲೇ ಹಾಡು ಇವೆಲ್ಲ ಬೇಡವೇ ಬೇಡ. ಒತ್ತಿದರೆ ಕರೆ ಹೋಗುವ ನಂಬರ್, ವಾಟ್ಸ್‌ಆ್ಯಪ್ ಬಟನ್, ಮ್ಯಾಪ್ ಲಿಂಕ್ ಮೂರೂ ಮೇಲೇ ಇರಲಿ. ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗಲಿ. ಇಲ್ಲದಿದ್ದರೆ ಕ್ರೋಮ್ ‘ಸುರಕ್ಷಿತವಲ್ಲ’ ಅಂತ ಎಚ್ಚರಿಸುತ್ತದೆ. ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಉಚಿತವಾಗಿ ಸಿಗುತ್ತದೆ, ಅದಕ್ಕೆ ಬೇರೆ ಬಿಲ್ ಹಾಕಿದ್ದರೆ ಕೇಳಿ.

ಏನು ಬರೆಯಬೇಕು? ಫೋನ್‌ನಲ್ಲಿ ಕೇಳುವುದನ್ನೇ

ಜಾಸ್ತಿ ಸೈಟ್‌ಗಳು ಸೋಲುವುದು ಇಲ್ಲಿ. ‘ಗುಣಮಟ್ಟಕ್ಕೆ ಹೆಸರುವಾಸಿ, ಗ್ರಾಹಕರ ತೃಪ್ತಿಯೇ ನಮ್ಮ ಗುರಿ’ ಅಂತ ಬರೆದಿರುತ್ತಾರೆ. ಯಾರಾದರೂ ‘ಗ್ರಾಹಕರ ತೃಪ್ತಿ’ ಅಂತ ಹುಡುಕಿ ಎಣ್ಣೆ ಕೊಳ್ಳುತ್ತಾರಾ?

ಗಾಣಕ್ಕೆ ಬರುವ ಫೋನ್‌ಗಳನ್ನು ನೆನಪಿಸಿಕೊಳ್ಳಿ. ನಮ್ಮ ಹೊಲದ ಕಡಲೆಕಾಯಿ ತಂದರೆ ಆಡಿಸಿಕೊಡ್ತೀರಾ? ಸಿಪ್ಪೆ ಬಿಡಿಸಿಕೊಂಡೇ ಬರಬೇಕಾ? ಕಡಿಮೆ ಅಂದರೆ ಎಷ್ಟು ಕೆಜಿ ಬೇಕು? ಕೂಲಿ ಕೆಜಿಗೆ ಎಷ್ಟು? ಎದುರಿಗೇ ಆಡಿಸ್ತೀರಾ, ಬಿಟ್ಟು ಹೋಗಬೇಕಾ? ಹಿಂಡಿ ನಮಗೆ ಕೊಡ್ತೀರಾ, ನೀವೇ ಇಟ್ಕೊಳ್ತೀರಾ? ಕೊಬ್ಬರಿ ಎಷ್ಟು ಒಣಗಿರಬೇಕು? ಅಡಿಯಲ್ಲಿ ಗಸಿ ನಿಂತಿದೆ, ಕೆಟ್ಟಿದೆಯಾ? ಒಂದು ವಾರ ಗಲ್ಲಾದ ಪಕ್ಕ ನೋಟ್‌ಬುಕ್ ಇಟ್ಟು ಇವನ್ನೆಲ್ಲ ಬರೆದುಕೊಳ್ಳಿ. ಪ್ರತಿ ಪ್ರಶ್ನೆಗೂ ನೀವು ಬಾಯಲ್ಲಿ ಹೇಳುವ ಉತ್ತರವನ್ನೇ ಎರಡು ಮೂರು ಸಾಲು ಬರೆಯಿರಿ. ನಿಮ್ಮ ವೆಬ್‌ಸೈಟ್ ಅರ್ಧ ಮುಗಿಯಿತು. ಪಾವಗಡದಿಂದ ಚೀಲ ಹಾಕಿಕೊಂಡು ಬರುವವನಿಗೆ ‘ಹಿಂಡಿ ನಿಮಗೇ’ ಅನ್ನುವ ಎರಡು ಪದ ಎಲ್ಲಾ ಸ್ಲೋಗನ್‌ಗಿಂತ ದೊಡ್ಡದು. ದರ ಹಾಕಲು ಹೆದರಬೇಡಿ, ‘ಈ ತಿಂಗಳ ದರ’ ಅಂತ ಹಾಕಿ, ಬದಲಾದಾಗ ತಿದ್ದಿ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರ್ ಕಾಣುವ ಹಾಗೆ ಇರಲಿ. ಸಕ್ಕರೆ ಕಾಯಿಲೆ ವಾಸಿ, ಹಾರ್ಟ್‌ಗೆ ಒಳ್ಳೇದು ಅಂತೆಲ್ಲ ಬರೆಯಲು ಹೋಗಬೇಡಿ, ಅದು ಕಾನೂನಿನ ತಂಟೆ.

ಕನ್ನಡದಲ್ಲಿ ಬರೆಯುವವರಿಗೆ ಒಂದು ವಿಶೇಷ ಎಚ್ಚರಿಕೆ. ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಪ್ಯಾಂಫ್ಲೆಟ್‌ನ ಅಕ್ಷರ ಹಳೇ ನುಡಿ ಫಾಂಟ್‌ನಲ್ಲಿ ಇರಬಹುದು. ಕಾಗದದ ಮೇಲೆ ಕನ್ನಡ, ಕಂಪ್ಯೂಟರಿನ ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದನ್ನು ಸೈಟಿಗೆ ಹಾಕಿದರೆ ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ಎಲ್ಲಾ ಫೋನ್, ಕಂಪ್ಯೂಟರ್ ಓದಬಲ್ಲ ಯೂನಿಕೋಡ್‌ಗೆ ಬದಲಾಯಿಸಿ, ಅದಕ್ಕೆ ಉಚಿತ ಪರಿವರ್ತಕಗಳಿವೆ. ಒಂದು ಸಲ ಓದಿ, ಒತ್ತಕ್ಷರ ಆಚೀಚೆ ಆಗಿರುತ್ತವೆ. ಪ್ಯಾಂಫ್ಲೆಟ್‌ನ ಫೋಟೊ ಹಾಕಿ ಕೈತೊಳೆದುಕೊಳ್ಳುವುದೂ ಬೇಡ, ಮಾಹಿತಿ ಅಕ್ಷರದಲ್ಲೇ ಇರಬೇಕು.

ಹುಡುಕಾಟದಲ್ಲಿ ನೀಲಿಯಾಗಿ ಕಾಣುವ ಶೀರ್ಷಿಕೆ ‘ಹೋಮ್’ ಅಂತ ಇದ್ದರೆ ಬದಲಾಯಿಸಿ. ‘ಮರದ ಗಾಣದ ಎಣ್ಣೆ, ಶಿರಾ ಗೇಟ್, ತುಮಕೂರು’ ಅಂದರೆ ಎಲ್ಲಾ ಬಂತು. ಮೆಟಾ ಕೀವರ್ಡ್ (ಪುಟದ ಒಳಗೆ ಅಡಗಿಸಿಡುವ ಪದಗಳ ಪಟ್ಟಿ) ತುಂಬಿಸಲು ದುಡ್ಡು ಕೇಳುವವರೂ ಇದ್ದಾರೆ. ಅದನ್ನು ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಎಐ ಬಂತಲ್ಲ, ಈಗೇನು?

2024ರಿಂದ ನಮ್ಮಲ್ಲೂ ಎಷ್ಟೋ ಹುಡುಕಾಟಗಳಿಗೆ ಗೂಗಲ್ ಮೇಲೇ ಎಐ ಉತ್ತರ ಕೊಡುತ್ತಿದೆ. ಎಐ ಉತ್ತರದಲ್ಲಿ ನಿಮ್ಮ ಹೆಸರು ಬರುವ ಹಾಗೆ ಮಾಡ್ತೀವಿ ಅನ್ನುವ, ‘ಜಿಇಒ’ ಅಂತ ಹೊಸ ಹೆಸರಿನ ಪ್ಯಾಕೇಜ್‌ಗಳೂ ಬಂದಿವೆ. ಆ ಉತ್ತರದಲ್ಲಿ ಬರಲು ಬೇರೆ ವಿಶೇಷ ತಂತ್ರ ಬೇಕಿಲ್ಲ ಅನ್ನುವುದು ಗೂಗಲ್‌ನ ಮಾತು. ಸ್ಪಷ್ಟ ಪ್ರಶ್ನೆ, ಸ್ಪಷ್ಟ ಉತ್ತರ ಇರುವ ಪುಟವೇ ಇಲ್ಲೂ ಕೆಲಸಕ್ಕೆ ಬರುವುದು. ಅಂಗಡಿ ಹೆಸರು, ನಂಬರ್, ವಿಳಾಸ ಮ್ಯಾಪ್, ಸೈಟ್, ಜಸ್ಟ್‌ಡಯಲ್, ಇನ್‌ಸ್ಟಾಗ್ರಾಂ ಎಲ್ಲಾ ಕಡೆ ಒಂದೇ ಥರ ಇರಲಿ.

ಎಐ ಕೈಲಿ ರಾಶಿ ಪುಟ ಬರೆಸಿ ತುಂಬುವುದು ಮಾತ್ರ ಅಪಾಯ. ‘ಗುಬ್ಬಿಯಲ್ಲಿ ಗಾಣದ ಎಣ್ಣೆ’, ‘ಕುಣಿಗಲ್‌ನಲ್ಲಿ ಗಾಣದ ಎಣ್ಣೆ’, ‘ಮಧುಗಿರಿಯಲ್ಲಿ ಗಾಣದ ಎಣ್ಣೆ’ ಅಂತ ಜಿಲ್ಲೆಯ ಹತ್ತೂ ತಾಲ್ಲೂಕಿಗೆ ಊರು ಬದಲಾಯಿಸಿ ಅದೇ ಪುಟ ಹಾಕುವುದು ಹಳೇ ಉಪಾಯ. ಗೂಗಲ್ ಇದನ್ನು ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ. 2024ರ ಮಾರ್ಚ್‌ನಲ್ಲಿ ನಿಯಮ ಇನ್ನೂ ಬಿಗಿಯಾಯಿತು. ತಿಪಟೂರಿಗೆ ನಿಜವಾಗಿ ವಾರಕ್ಕೊಂದು ಸಲ ಡೆಲಿವರಿ ಇದ್ದರೆ ಯಾವ ದಿನ, ಎಲ್ಲಿ ಅಂತ ಒಂದು ಸಾಲು ಬರೆಯಿರಿ, ಸಾಕು.

ಆಮೇಲೆ

ಗೂಗಲ್ ಸರ್ಚ್ ಕನ್ಸೋಲ್‌ಗೆ ಸೈಟ್ ಸೇರಿಸಿ. ಇದೂ ಉಚಿತ. ಜನ ಏನು ಹುಡುಕಿದಾಗ ನಿಮ್ಮ ಸೈಟ್ ಕಂಡಿತು, ಎಷ್ಟು ಜನ ಒತ್ತಿದರು ಎಲ್ಲಾ ತೋರಿಸುತ್ತದೆ. ಯಾರಿಗಾದರೂ ಕೆಲಸ ವಹಿಸಿದ್ದರೆ ಅವರು ಕಳಿಸುವ ಬಣ್ಣದ ರಿಪೋರ್ಟ್ ಪಕ್ಕಕ್ಕಿಟ್ಟು ಇದನ್ನು ನೋಡಿ. ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ ಅನ್ನುವುದು ಗೂಗಲ್‌ನದೇ ಅಂದಾಜು. ವಾರದಲ್ಲಿ ತೋರಿಸ್ತೀನಿ ಅನ್ನುವವರ ಹತ್ತಿರ ಹುಷಾರು.

ಕನ್ಸೋಲ್‌ನಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ. ಹಾಗಾಗಿ ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸಬಹುದು. ಶಿರಾ, ಪಾವಗಡ ಕಡೆ ಕಡಲೆಕಾಯಿ ಕಿತ್ತು ಒಣಗಿಸುವ ಹೊತ್ತಿಗೆ ‘ಕಡಲೆಕಾಯಿ ಎಣ್ಣೆ ಆಡಿಸುವುದು’ ಅಂತ ಹುಡುಕುವವರು ಜಾಸ್ತಿಯಾದದ್ದು ಕಂಡರೆ, ಈ ಸಲ ಒಂದು ತಿಂಗಳು ಮುಂಚೆಯೇ ಪುಟದ ಮೊದಲ ಸಾಲು ಬದಲಾಯಿಸಿ. ಆಡಿಸುವ ಕೂಲಿ ಎಷ್ಟು, ಬೆಳಿಗ್ಗೆ ಎಷ್ಟು ಗಂಟೆಗೆ ಬಂದರೆ ಅವತ್ತೇ ಎಣ್ಣೆ ಸಿಗುತ್ತದೆ, ಹಿಂಡಿ ಯಾರಿಗೆ ಅನ್ನುವುದು ಮೇಲೇ ಕಾಣಲಿ. ಅದೇ ಮಾತನ್ನು ಮ್ಯಾಪ್ ಪ್ರೊಫೈಲ್‌ನಲ್ಲೂ ಒಂದು ಫೋಟೊ ಜೊತೆ ಹಾಕಿ.