ಚಾರ್ಟ್ ಚೆಂದ, ಲೆಕ್ಕ ಸರಿಯೇ? ಬಿಐ ಟೂಲ್‌ಗಳನ್ನು ಹೋಲಿಸಿ ನೋಡುವ ಬಗೆ

ಡೇಟಾವನ್ನು ಚಾರ್ಟ್, ರಿಪೋರ್ಟ್‌ಗಳಾಗಿ ತೋರಿಸುವ ಬಿಐ (ಬಿಸಿನೆಸ್ ಇಂಟೆಲಿಜೆನ್ಸ್) ಟೂಲ್‌ಗಳಲ್ಲಿ ಯಾವುದೂ ಡೆಮೊದಲ್ಲಿ ಸೋಲುವುದಿಲ್ಲ. ಮಾರಲು ಬಂದವರ ಡೇಟಾ ತೊಳೆದಿಟ್ಟಂತಿರುತ್ತದೆ, ಟೇಬಲ್ ಒಂದೇ ಇರುತ್ತದೆ, ದಿನಾಂಕದ ಕಾಲಂನಲ್ಲಿ ದಿನಾಂಕವೇ ಇರುತ್ತದೆ. ಪವರ್ ಬಿಐ, ಟ್ಯಾಬ್ಲೋ, ಲುಕರ್ ಸ್ಟುಡಿಯೊ, ಮೆಟಾಬೇಸ್, ಸೂಪರ್‌ಸೆಟ್ ಯಾವುದನ್ನು ತೆರೆದರೂ ಬಾರ್ ಚಾರ್ಟ್ ಬಾರ್ ಚಾರ್ಟೇ. ವ್ಯತ್ಯಾಸವೆಲ್ಲ ಅದರ ಹಿಂದೆ ಇದೆ. ಎರಡು ಟೇಬಲ್ ಸೇರಿದಾಗ ಟೂಲ್ ಹೇಗೆ ಕೂಡುತ್ತದೆ? ಹಾಳು ಡೇಟಾ ಬಂದರೆ ಬಾಯಿ ಬಿಡುತ್ತದೋ, ನುಂಗಿಕೊಂಡು ಸುಮ್ಮನಾಗುತ್ತದೋ? ಯಾರಿಗೆ ಯಾವ ಸಾಲು ಕಾಣಬಾರದು ಎಂಬುದನ್ನು ಎಲ್ಲಿ ತಡೆಯುತ್ತದೆ? ಫೀಚರ್ ಪಟ್ಟಿಗೆ ಟಿಕ್ ಹಾಕುತ್ತ ಕೂತರೆ ಇದ್ಯಾವುದೂ ಗೊತ್ತಾಗದು. ಸರಿಯುತ್ತರ ಮೊದಲೇ ಗೊತ್ತಿರುವ ಒಂದು ಪರೀಕ್ಷಾ ಫೈಲ್ ಮಾಡಿಕೊಂಡು, ಅದನ್ನೇ ಪ್ರತಿ ಟೂಲ್‌ಗೂ ಕೊಟ್ಟು ನೋಡಬೇಕು. ಒಂದೊಂದಕ್ಕೆ ಎರಡು ದಿನ ಇಟ್ಟುಕೊಳ್ಳಿ.

ಹಂತ 1: ಆಗದ್ದನ್ನು ಮೊದಲೇ ತೆಗೆದುಹಾಕಿ

ಐದನ್ನೂ ಪರೀಕ್ಷಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಪವರ್ ಬಿಐ ಡೆಸ್ಕ್‌ಟಾಪ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ರಿಪೋರ್ಟ್ ಕಟ್ಟುವವರೆಲ್ಲ ಮ್ಯಾಕ್‌ನಲ್ಲಿದ್ದರೆ ಅಲ್ಲಿಗೇ ಒಂದು ಹೆಸರು ಕಡಿಮೆಯಾಯಿತು. ಟ್ಯಾಬ್ಲೋ ಡೆಸ್ಕ್‌ಟಾಪ್ ಎರಡರಲ್ಲೂ ನಡೆಯುತ್ತದೆ. ಲುಕರ್ ಸ್ಟುಡಿಯೊಗೆ ಬ್ರೌಸರ್ ಸಾಕು, ಆದರೆ ಅದು ಗೂಗಲ್‌ನ ಕ್ಲೌಡ್‌ನಲ್ಲೇ ಇರುವಂಥದ್ದು. ಡೇಟಾ ಕಚೇರಿಯ ಸರ್ವರ್ ಬಿಟ್ಟು ಹೊರಗೆ ಹೋಗಕೂಡದು ಎಂಬ ನಿಯಮವಿದ್ದರೆ ಉಳಿಯುವುದು ಟ್ಯಾಬ್ಲೋ ಸರ್ವರ್, ಪವರ್ ಬಿಐ ರಿಪೋರ್ಟ್ ಸರ್ವರ್, ಮೆಟಾಬೇಸ್, ಸೂಪರ್‌ಸೆಟ್. ಕೊನೆಯ ಎರಡು ಓಪನ್ ಸೋರ್ಸ್. ಆದರೆ ಸರ್ವರ್, ಬ್ಯಾಕಪ್, ಅಪ್‌ಗ್ರೇಡ್ ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು.

ಉಚಿತ ಎಂಬ ಕಾರಣಕ್ಕೆ ಟ್ಯಾಬ್ಲೋ ಪಬ್ಲಿಕ್‌ಗೆ ಅಥವಾ ಪವರ್ ಬಿಐನ 'ಪಬ್ಲಿಶ್ ಟು ವೆಬ್'ಗೆ ಕಚೇರಿಯ ಡೇಟಾ ಏರಿಸಬೇಡಿ. ಅಲ್ಲಿ ಪ್ರಕಟಿಸಿದ್ದು ಲೋಕಕ್ಕೆಲ್ಲ ತೆರೆದಂತೆ.

ಅಂದಹಾಗೆ, ಎಕ್ಸೆಲ್ ಶೀಟಿನ ಮಿತಿ 10,48,576 ಸಾಲು. ಡೇಟಾ ಅದರೊಳಗೆ ಆರಾಮವಾಗಿ ಹಿಡಿಯುತ್ತದೆ, ನೋಡುವವರು ಮೂರೇ ಜನ ಎಂದಾದರೆ ಒಂದು ಪಿವಟ್ ಟೇಬಲ್ ಸಾಕು. ಬಿಐ ಟೂಲ್ ಕೊಳ್ಳಲೇಬೇಕೆಂಬ ಕಟ್ಟುಪಾಡೇನೂ ಇಲ್ಲ.

ಹಂತ 2: ಮುಳ್ಳುಗಳಿರುವ ಫೈಲ್ ತಯಾರಿಸಿ

ನಿಮ್ಮದೇ ಡೇಟಾದಿಂದ ಸುಮಾರು 12,000 ಸಾಲು ತೆಗೆದುಕೊಳ್ಳಿ. ಎರಡು ಟೇಬಲ್ ಇರಲಿ: ಆರ್ಡರ್‌ಗಳು, ಪ್ರತಿ ಆರ್ಡರ್‌ನಲ್ಲಿನ ವಸ್ತುಗಳು. ಅದರೊಳಗೆ ಬೇಕೆಂದೇ ತಪ್ಪುಗಳನ್ನು ನೆಡಿ. ಮೊತ್ತದ ಕಾಲಂನ 250ನೇ ಸಾಲಿನಲ್ಲಿ ಮತ್ತು 2,000ನೇ ಸಾಲಿನಲ್ಲಿ ಸಂಖ್ಯೆಯ ಬದಲು 'ಇಲ್ಲ' ಎಂದು ಬರೆಯಿರಿ. ಕೆಲವು ದಿನಾಂಕಗಳು 03/04 ಎಂಬಂತಿರಲಿ. ಮಾರ್ಚ್ 4 ಎಂದೂ ಓದಬಹುದು, ಏಪ್ರಿಲ್ 3 ಎಂದೂ ಓದಬಹುದು. ಒಂದೇ ಗ್ರಾಹಕರ ಹೆಸರಿನ ಕೊನೆಗೆ ಒಂದು ಕಡೆ ಖಾಲಿ ಜಾಗ ಬಿಡಿ. ನಾಲ್ಕಾರು ಆರ್ಡರ್‌ಗಳ ಸಮಯ ನಡುರಾತ್ರಿಯ ಆಸುಪಾಸಿನಲ್ಲಿರಲಿ.

ಆ ಸಾಲು ಸಂಖ್ಯೆಗಳನ್ನು ಸುಮ್ಮನೆ ಆರಿಸಿದ್ದಲ್ಲ. ಸಿಎಸ್‌ವಿಯಂಥ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಪಠ್ಯ) ಫೈಲ್ ತೆರೆದಾಗ, ಪವರ್ ಬಿಐಗೆ ಡೇಟಾ ತಂದುಕೊಡುವ ಭಾಗವಾದ ಪವರ್ ಕ್ವೆರಿ ಮೊದಲ 200 ಸಾಲು ನೋಡಿ ಕಾಲಂನಲ್ಲಿರುವುದು ಸಂಖ್ಯೆಯೋ ಅಕ್ಷರವೋ ಎಂದು ತೀರ್ಮಾನಿಸುತ್ತದೆ. 250ನೇ ಸಾಲಿನ 'ಇಲ್ಲ' ಅಲ್ಲಿ ಎರರ್ ಆಗುತ್ತದೆ, ಮಾಡೆಲ್‌ಗೆ (ಟೂಲ್ ತನ್ನೊಳಗೆ ಇಟ್ಟುಕೊಳ್ಳುವ ಡೇಟಾ ಪ್ರತಿಗೆ) ಇಳಿಯುವಾಗ ಖಾಲಿಯಾಗುತ್ತದೆ. ಡೆಸ್ಕ್‌ಟಾಪ್‌ನಲ್ಲಾದರೆ ಎಷ್ಟು ಎರರ್ ಎಂದು ಒಂದು ಸಣ್ಣ ಸೂಚನೆ ಬರುತ್ತದೆ; ಅದನ್ನು ಓದದೆ ಮುಚ್ಚುವವರೇ ಹೆಚ್ಚು. ಟ್ಯಾಬ್ಲೋ ಸಿಎಸ್‌ವಿಯಲ್ಲಿ ಮೊದಲ 1,024 ಸಾಲು, ಎಕ್ಸೆಲ್ ಫೈಲ್‌ನಲ್ಲಿ ಮೊದಲ 10,000 ಸಾಲು ನೋಡುತ್ತದೆ; ಆಮೇಲೆ ಹೊಂದದ್ದು ಬಂದರೆ ಅದು ನಲ್, ಅಂದರೆ ಖಾಲಿ. ಎರಡರಲ್ಲೂ ಒಟ್ಟು ಮೊತ್ತ ಸದ್ದಿಲ್ಲದೆ ಕಡಿಮೆಯಾಗುತ್ತದೆ. ಮೆಟಾಬೇಸ್, ಸೂಪರ್‌ಸೆಟ್ ಮುಖ್ಯವಾಗಿ ಡೇಟಾಬೇಸ್‌ಗೆ ಅಂಟಿಕೊಂಡು ಕೆಲಸ ಮಾಡುವಂಥವು. ಕಾಲಂ ಯಾವ ಬಗೆಯದೆಂದು ಡೇಟಾಬೇಸ್‌ನಲ್ಲೇ ನಿಗದಿಯಾಗಿರುವುದರಿಂದ ಇಂಥ ಸಾಲು ಒಳಗೆ ಬರುವ ಮುಂಚೆಯೇ ಸಿಕ್ಕಿಬೀಳುತ್ತದೆ.

ಟೂಲ್ ಮುಟ್ಟುವ ಮುನ್ನ ಒಟ್ಟು ಮಾರಾಟ, ಆರ್ಡರ್ ಸಂಖ್ಯೆ, ಬೇರೆಬೇರೆ ಗ್ರಾಹಕರೆಷ್ಟು, ತಿಂಗಳವಾರು ಮೊತ್ತ, ಒಟ್ಟು ಸಾಗಣೆ ವೆಚ್ಚ ಈ ಐದು ಉತ್ತರಗಳನ್ನು ಎಸ್‌ಕ್ಯೂಎಲ್‌ನಲ್ಲೋ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ) ಕೈಲೆಕ್ಕದಲ್ಲೋ ತೆಗೆದು ಕಾಗದದ ಮೇಲೆ ಬರೆದಿಡಿ.

ಹಂತ 3: ಎರಡು ಟೇಬಲ್ ಸೇರಿಸಿ ನೋಡಿ

ಹೆಚ್ಚಿನ ಡ್ಯಾಶ್‌ಬೋರ್ಡ್‌ಗಳು ಸುಳ್ಳು ಹೇಳುವುದು ಇಲ್ಲಿಯೇ. ಮೂರೇ ಆರ್ಡರ್ ಇಟ್ಟುಕೊಂಡು ನೋಡೋಣ. ಆರ್ಡರ್ 101ರಲ್ಲಿ ಕ, ಖ ಎಂಬ ಎರಡು ವಸ್ತು, ಸಾಗಣೆ ವೆಚ್ಚ 40. ಆರ್ಡರ್ 102ರಲ್ಲಿ ಕ, ಖ, ಗ ಮೂರು ವಸ್ತು, ವೆಚ್ಚ 60. ಆರ್ಡರ್ 103ರಲ್ಲಿ ಗ ಒಂದೇ, ವೆಚ್ಚ 50. ಒಟ್ಟು ಸಾಗಣೆ 150. ಈಗ ಆರ್ಡರ್ ಸಂಖ್ಯೆಯ ಮೇಲೆ ಎರಡೂ ಟೇಬಲ್ ಜಾಯಿನ್ ಮಾಡಿ, ಅಂದರೆ ಒಂದೇ ಟೇಬಲ್ ಆಗುವಂತೆ ಬೆಸೆಯಿರಿ. 101ರ ವೆಚ್ಚ ಎರಡು ಸಾಲಿನಲ್ಲಿ, 102ರದು ಮೂರು ಸಾಲಿನಲ್ಲಿ ಬಂದು ಕೂರುತ್ತದೆ: 80 + 180 + 50 = 310. ಚಾರ್ಟ್ ಮಾತ್ರ ಎಂದಿನಂತೆ ಚೆಂದವಾಗಿಯೇ ಇರುತ್ತದೆ.

ಟ್ಯಾಬ್ಲೋದಲ್ಲಿ ಹಳೆಯ ಬಗೆಯ ಜಾಯಿನ್ ಮಾಡಿದರೆ 310 ಬರುತ್ತದೆ. 2020ರಲ್ಲಿ ಬಂದ ರಿಲೇಶನ್‌ಶಿಪ್ ಬಳಸಿದರೆ 150ಕ್ಕೆ 150. ಎರಡೂ ಒಂದೇ ಪರದೆಯಲ್ಲಿ ಸಿಗುತ್ತವೆ: ಟೇಬಲನ್ನು ಸುಮ್ಮನೆ ಎಳೆದು ಪಕ್ಕಕ್ಕಿಟ್ಟರೆ ರಿಲೇಶನ್‌ಶಿಪ್, ಡಬಲ್ ಕ್ಲಿಕ್ ಮಾಡಿ ಒಳಗೆ ಹೋಗಿ ಇಟ್ಟರೆ ಜಾಯಿನ್. ಮೆಟಾಬೇಸ್‌ನ ಕ್ವೆರಿ ಬಿಲ್ಡರ್‌ನಲ್ಲಿ ಜಾಯಿನ್ ಒತ್ತಿದರೆ 310. ಸೂಪರ್‌ಸೆಟ್ ಪ್ರತಿ ಚಾರ್ಟ್‌ಗೂ ಒಂದೇ ಡೇಟಾಸೆಟ್ ನಿರೀಕ್ಷಿಸುತ್ತದೆ. ಅದರ ಎಸ್‌ಕ್ಯೂಎಲ್ ನೀವೇ ಬರೆಯುವುದರಿಂದ ತಪ್ಪೂ ನಿಮ್ಮದೇ, ಸರಿಯೂ ನಿಮ್ಮದೇ. ಲುಕರ್ ಸ್ಟುಡಿಯೊದ ಬ್ಲೆಂಡ್ ಕೂಡ ಒಂದು ಜಾಯಿನ್ನೇ, ಅದರಲ್ಲಿ ಐದಕ್ಕಿಂತ ಹೆಚ್ಚು ಟೇಬಲ್ ಸೇರಿಸಲಾಗದು.

ಪವರ್ ಬಿಐ ಪ್ರಕರಣ ಸ್ವಲ್ಪ ಬೇರೆ. ಅಲ್ಲಿ ಟೇಬಲ್‌ಗಳನ್ನು ಬೆರೆಸದೆ ಸಂಬಂಧದ ಗೆರೆ ಎಳೆಯುವುದರಿಂದ ಒಟ್ಟು ಮೊತ್ತ 150 ಸರಿಯಾಗಿಯೇ ಬರುತ್ತದೆ. ಆದರೆ ವಸ್ತುವಾರು ಕೇಳಿದರೆ ಕ 150, ಖ 150, ಗ 150 ಎನ್ನುತ್ತದೆ. ಫಿಲ್ಟರ್ ಆರ್ಡರ್‌ನಿಂದ ವಸ್ತುವಿನ ಕಡೆಗೆ ಹರಿಯುತ್ತದೆಯೇ ಹೊರತು ಹಿಮ್ಮುಖವಾಗಿ ಅಲ್ಲ. ಇದನ್ನು ಕಂಡು ಗಾಬರಿಯಾಗಿ ಫಿಲ್ಟರ್ ದಿಕ್ಕನ್ನು 'ಬೋತ್' (ಎರಡೂ ಕಡೆಗೆ) ಮಾಡಿಬಿಡುತ್ತಾರೆ. ಆಗ ಕ 100, ಖ 100, ಗ 110. ಕೂಡಿ ನೋಡಿ, 310. ಕೆಳಗಿನ ಟೋಟಲ್ ಸಾಲು ಮಾತ್ರ 150 ಎಂದೇ ಇರುತ್ತದೆ! ಇದು ಟೂಲ್‌ನ ದೋಷವಲ್ಲ. ಸಾಗಣೆ ವೆಚ್ಚ ಆರ್ಡರ್‌ಗೆ ಸೇರಿದ್ದು, ವಸ್ತುವಿಗಲ್ಲ. ವಸ್ತುವಿಗೆ ಹಂಚಬೇಕಿದ್ದರೆ ತೂಕದ ಪ್ರಕಾರವೋ ಬೆಲೆಯ ಪ್ರಕಾರವೋ ಎಂದು ಯಾರಾದರೂ ನಿಯಮ ಹೇಳಬೇಕು. ಯಾವ ಟೂಲ್‌ನಲ್ಲಿ ಆ ನಿಯಮವನ್ನು ಒಂದೇ ಕಡೆ ಬರೆದು ಎಲ್ಲ ರಿಪೋರ್ಟ್‌ಗಳಲ್ಲೂ ಬಳಸಬಹುದು ಎಂಬುದನ್ನೇ ಇಲ್ಲಿ ನೋಡಬೇಕಾದ್ದು.

ಹಂತ 4: ಶೇಕಡಾವಾರು ಕೇಳಿ

ಒಂದು ಶಾಖೆಯಲ್ಲಿ 100ರ ಮಾರಾಟಕ್ಕೆ 10 ಲಾಭ, ಅಂದರೆ ಶೇ 10. ಇನ್ನೊಂದರಲ್ಲಿ 300ಕ್ಕೆ 90, ಶೇ 30. ಒಟ್ಟಾರೆ ಲಾಭ ಶೇಕಡಾ ಎಷ್ಟು? ಶೇಕಡಾ ಕಾಲಂ ಮೊದಲೇ ಮಾಡಿಟ್ಟು ಅದರ ಸರಾಸರಿ ತೆಗೆದರೆ ಶೇ 20. ನಿಜವಾದ ಉತ್ತರ 400ಕ್ಕೆ 100, ಶೇ 25. ಐದೂ ಟೂಲ್‌ಗಳಲ್ಲಿ ಎರಡು ರೀತಿಯಲ್ಲೂ ಬರೆಯಬಹುದು. ಎಕ್ಸೆಲ್ ಮಾತ್ರ ಬಲ್ಲ ಸಹೋದ್ಯೋಗಿಯೊಬ್ಬರನ್ನು ಕೂರಿಸಿ, ಏನೂ ಹೇಳಿಕೊಡದೆ ಈ ಲೆಕ್ಕ ಮಾಡಲು ಬಿಡಿ, ಗಡಿಯಾರ ನೋಡಿ. ಪವರ್ ಬಿಐನ ಡ್ಯಾಕ್ಸ್ ಭಾಷೆ ನೋಡಲು ಎಕ್ಸೆಲ್ ಸೂತ್ರದಂತಿದ್ದರೂ ಒಳಗೆ ಬೇರೆಯೇ ಜೀವ. ಕಲಿಯಲು ವಾರಗಳು ಹಿಡಿಯುತ್ತವೆ. ಟ್ಯಾಬ್ಲೋದಲ್ಲಿ ಮೊದಲ ಚಾರ್ಟ್ ಬೇಗ ಬರುತ್ತದೆ, ಕಷ್ಟ ಆಮೇಲೆ ಶುರು.

ಹಂತ 5: ರಿಫ್ರೆಶ್ ಒಡೆದು ನೋಡಿ

ಡ್ಯಾಶ್‌ಬೋರ್ಡ್ ಕಟ್ಟಿದ ಮೇಲೆ ಮೂಲ ಫೈಲ್‌ನಲ್ಲಿ ಒಂದು ಕಾಲಂನ ಹೆಸರು ಬದಲಿಸಿ ರಿಫ್ರೆಶ್ ಮಾಡಿ, ಅಂದರೆ ಡೇಟಾವನ್ನು ಮತ್ತೆ ಎಳೆದು ತರಿಸಿ. ಪವರ್ ಕ್ವೆರಿ ತಾನಾಗಿಯೇ ಸೇರಿಸುವ 'ಚೇಂಜ್ಡ್ ಟೈಪ್' ಹಂತದಲ್ಲಿ ಕಾಲಂ ಹೆಸರುಗಳು ಅಚ್ಚಾಗಿರುತ್ತವೆ, ಹಾಗಾಗಿ ಅದು ಅಲ್ಲಿಗೇ ನಿಲ್ಲುತ್ತದೆ. ನಿಲ್ಲುವುದು ಒಳ್ಳೆಯದೇ. ತಪ್ಪನ್ನು ಹೊತ್ತುಕೊಂಡು ಓಡುವುದಕ್ಕಿಂತ ಮೇಲು.

ಮಿತಿಗಳು ಬೇರೆಬೇರೆ. ಪವರ್ ಬಿಐ ಪ್ರೊನಲ್ಲಿ ದಿನಕ್ಕೆ 8 ಸಲ ನಿಗದಿತ ರಿಫ್ರೆಶ್, ಮಾಡೆಲ್ 1 ಜಿಬಿ ದಾಟುವಂತಿಲ್ಲ. ಪ್ರೀಮಿಯಂ ಅಥವಾ ಫ್ಯಾಬ್ರಿಕ್ ಕೆಪಾಸಿಟಿಯಲ್ಲಿ (ಕಚೇರಿಗೇ ಮೀಸಲಾಗಿ ಕೊಳ್ಳುವ ಸರ್ವರ್ ಸಾಮರ್ಥ್ಯ) 48 ಸಲ. ಸತತ ನಾಲ್ಕು ಸಲ ವಿಫಲವಾದರೆ ವೇಳಾಪಟ್ಟಿಯೇ ಬಂದ್. ಕಚೇರಿಯೊಳಗಿನ ಡೇಟಾವನ್ನು ಕ್ಲೌಡ್‌ಗೆ ದಾಟಿಸಲು ಗೇಟ್‌ವೇ ಎಂಬ ಪ್ರೋಗ್ರಾಂ ಬೇಕು. ಅದನ್ನು ಯಾರದೋ ಲ್ಯಾಪ್‌ಟಾಪ್‌ನಲ್ಲಿ ಹಾಕಿದರೆ ಅವರು ಮುಚ್ಚಳ ಮುಚ್ಚಿದ ಕ್ಷಣ ರಿಫ್ರೆಶ್‌ಗೂ ನಿದ್ದೆ. ಲುಕರ್ ಸ್ಟುಡಿಯೊ ಗೂಗಲ್ ಶೀಟ್ಸ್ ಡೇಟಾವನ್ನು 15 ನಿಮಿಷ, ಗೂಗಲ್‌ನ ಕ್ಲೌಡ್ ಡೇಟಾಬೇಸ್ ಆದ ಬಿಗ್‌ಕ್ವೆರಿಯ ಡೇಟಾವನ್ನು 12 ಗಂಟೆ ಹಿಡಿದಿಟ್ಟುಕೊಳ್ಳುವುದು ರೂಢಿ. ಬದಲಿಸದಿದ್ದರೆ ಬೆಳಗಿನ ಅಂಕಿಯೇ ಸಂಜೆಗೂ.

ಮಾಡೆಲ್ ಊದಿಕೊಂಡರೆ ಮೊದಲು ಸಮಯದ ಕಾಲಂ ನೋಡಿ. ಪವರ್ ಬಿಐ ಪ್ರತಿ ಕಾಲಂನ ಬೇರೆಬೇರೆ ಮೌಲ್ಯಗಳನ್ನು ಒಮ್ಮೆ ಮಾತ್ರ ಬರೆದಿಟ್ಟುಕೊಂಡು ಕುಗ್ಗಿಸುತ್ತದೆ. ಸೆಕೆಂಡ್‌ವರೆಗಿನ ಸಮಯವಿದ್ದರೆ ವರ್ಷಕ್ಕೆ 3,15,36,000 ಬೇರೆಬೇರೆ ಮೌಲ್ಯಗಳು ಸಾಧ್ಯ. ದಿನಾಂಕ, ಸಮಯ ಎಂದು ಎರಡು ಕಾಲಂ ಮಾಡಿದರೆ 365 ಮತ್ತು 86,400 ಅಷ್ಟೇ.

ಡೇಟಾವನ್ನು ಒಳಗೆ ತರದೆ ನೇರ ಡೇಟಾಬೇಸ್‌ಗೆ ಕೇಳುವ ಕ್ರಮವೂ ಇದೆ. ಮೆಟಾಬೇಸ್, ಸೂಪರ್‌ಸೆಟ್ ಹೀಗೇ ನಡೆಯುತ್ತವೆ. 12 ಚಾರ್ಟ್ ಇರುವ ಡ್ಯಾಶ್‌ಬೋರ್ಡನ್ನು 20 ಜನ ಒಟ್ಟಿಗೆ ತೆರೆದರೆ, ಹಿಂದಿನ ಉತ್ತರವನ್ನು ನೆನಪಿಟ್ಟುಕೊಳ್ಳುವ ಕ್ಯಾಶ್ (cache) ಇಲ್ಲದಿದ್ದಲ್ಲಿ ಡೇಟಾಬೇಸ್‌ಗೆ 240 ಕ್ವೆರಿ (ಪ್ರಶ್ನೆ). ಬಿಲ್ಲಿಂಗ್ ನಡೆಯುವ ಡೇಟಾಬೇಸ್‌ಗೇ ಇದನ್ನು ಜೋಡಿಸಬೇಡಿ, ಓದಲು ಮಾತ್ರ ಇರುವ ಪ್ರತಿಗೆ ಜೋಡಿಸಿ. ಇನ್ನೊಂದು: ಮೆಟಾಬೇಸ್ ಕಚ್ಚಾ ಸಾಲುಗಳನ್ನು ತೋರಿಸುವಾಗ ಸಾಮಾನ್ಯವಾಗಿ 2,000ಕ್ಕೆ ನಿಲ್ಲುತ್ತದೆ. 12,000 ಎಲ್ಲಿ ಹೋಯಿತೆಂದು ಹುಡುಕಾಡಬೇಡಿ. ಅದನ್ನು ನಿಜವಾದ ಬಳಕೆಗೆ ಇಡುವಾಗ ಜೊತೆಗೆ ಬರುವ ಎಚ್2 ಡೇಟಾಬೇಸ್ ಬಿಟ್ಟು ಪೋಸ್ಟ್‌ಗ್ರೆಸ್‌ಗೆ ಬದಲಾಯಿಸುವುದನ್ನು ಮರೆತರೆ, ಕಟ್ಟಿದ ಡ್ಯಾಶ್‌ಬೋರ್ಡ್‌ಗಳೆಲ್ಲ ಒಂದು ದಿನ ಕೈತಪ್ಪುವ ಅಪಾಯವಿದೆ.

ನಡುರಾತ್ರಿಯ ಆರ್ಡರ್‌ಗಳನ್ನು ಈಗ ನೋಡಿ. ಡ್ಯಾಕ್ಸ್‌ನ 'ಟುಡೇ' ಡೆಸ್ಕ್‌ಟಾಪ್‌ನಲ್ಲಿ ನಿಮ್ಮ ಕಂಪ್ಯೂಟರಿನ ದಿನಾಂಕ ಕೊಡುತ್ತದೆ, ಕ್ಲೌಡ್‌ಗೆ ಏರಿಸಿದ ಮೇಲೆ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ದಿನಾಂಕ. ಯುಟಿಸಿಗಿಂತ ಮುಂದಿರುವ ಊರಿನಲ್ಲಿ ಬೆಳಗಿನ ಜಾವ ಡ್ಯಾಶ್‌ಬೋರ್ಡ್ ತೆರೆದವರಿಗೆ 'ಇಂದು' ಎಂದರೆ ನಿನ್ನೆ.

ಹಂತ 6: ಬೇರೆಯವರ ಲಾಗಿನ್‌ನಿಂದ ತೆರೆಯಿರಿ

ಪ್ರತಿ ಶಾಖೆಯವರಿಗೆ ಅವರ ಸಾಲುಗಳಷ್ಟೇ ಕಾಣಬೇಕೆಂಬ ನಿಯಮ ಹಾಕಿ, ಅಡ್ಮಿನ್ ಅಲ್ಲದ ಖಾತೆಯಿಂದ ನೋಡಿ. ಪವರ್ ಬಿಐನಲ್ಲಿ ಈ ನಿಯಮ ವರ್ಕ್‌ಸ್ಪೇಸ್‌ನ (ರಿಪೋರ್ಟ್‌ಗಳನ್ನು ಹಂಚಿಕೊಳ್ಳುವ ಜಾಗ) 'ವ್ಯೂವರ್'ಗೆ ಮಾತ್ರ ಅನ್ವಯ. 'ಮೆಂಬರ್' ಅಥವಾ 'ಕಾಂಟ್ರಿಬ್ಯೂಟರ್' ಮಾಡಿದವರಿಗೆ ಎಲ್ಲವೂ ಕಾಣುತ್ತದೆ. ಲುಕರ್ ಸ್ಟುಡಿಯೊದಲ್ಲಿ ಡೇಟಾ ತೆರೆಯುವುದು ಮಾಲೀಕರ ಅನುಮತಿಯಿಂದಲೋ ನೋಡುವವರ ಅನುಮತಿಯಿಂದಲೋ ಎಂಬ ಆಯ್ಕೆ ಇದೆ, ತಪ್ಪಾಗುವುದು ಅಲ್ಲೇ. ಸಾಲುವಾರು ತಡೆ ಸೂಪರ್‌ಸೆಟ್‌ನಲ್ಲಿ ಉಚಿತ. ಮೆಟಾಬೇಸ್‌ನಲ್ಲಿ ಹಣ ಕೊಟ್ಟ ಆವೃತ್ತಿಯಲ್ಲಷ್ಟೇ.

ಹಂತ 7: ಕಟ್ಟುವವರೆಷ್ಟು, ನೋಡುವವರೆಷ್ಟು?

ವೆಚ್ಚದ ಲೆಕ್ಕ ತಲೆಕೆಳಗಾಗುವುದು ನೋಡುವವರಿಂದ. ಟ್ಯಾಬ್ಲೋದಲ್ಲಿ ಕ್ರಿಯೇಟರ್, ಎಕ್ಸ್‌ಪ್ಲೋರರ್, ವ್ಯೂವರ್ ಎಂದು ಮೂರು ದರ. ಪವರ್ ಬಿಐನಲ್ಲಿ ಸಾಧಾರಣವಾಗಿ ನೋಡುವವರಿಗೂ ಪ್ರೊ ಲೈಸೆನ್ಸ್ ಬೇಕು. ಎಫ್64 (ಫ್ಯಾಬ್ರಿಕ್ ಕೆಪಾಸಿಟಿಯ ಒಂದು ಗಾತ್ರ) ಅಥವಾ ಅದಕ್ಕಿಂತ ದೊಡ್ಡ ಕೆಪಾಸಿಟಿ ಕೊಂಡರೆ ಉಚಿತ ಖಾತೆಯವರೂ ನೋಡಬಹುದು. 5 ಜನ ಕಟ್ಟಿ 10 ಜನ ನೋಡುವಾಗಿನ ಮೊತ್ತ, 5 ಜನ ಕಟ್ಟಿ 500 ಜನ ನೋಡುವಾಗಿನ ಮೊತ್ತ ಎರಡನ್ನೂ ಬರೆಯಿರಿ. ಓಪನ್ ಸೋರ್ಸ್ ಕಾಲಂನಲ್ಲಿ ಸೊನ್ನೆ ಹಾಕಬೇಡಿ. ಸರ್ವರ್ ಬಾಡಿಗೆ, ಅದನ್ನು ಕಾಯುವವರ ತಿಂಗಳ ಗಂಟೆಗಳು ಅಲ್ಲಿಗೆ ಬರಬೇಕು.

ಹಂತ 8: ಬಿಟ್ಟುಹೋಗುವ ದಾರಿ

ಡ್ಯಾಕ್ಸ್‌ನಲ್ಲಿ ಬರೆದ ಸೂತ್ರ ಟ್ಯಾಬ್ಲೋಗೆ ಹೋಗದು, ಟ್ಯಾಬ್ಲೋದ ಲೆಕ್ಕ ಬೇರೆಲ್ಲೂ ನಡೆಯದು. ಪವರ್ ಬಿಐ ಚಾರ್ಟ್‌ನಿಂದ ಸಿಎಸ್‌ವಿಗೆ ಇಳಿಸಿದರೆ 30,000 ಸಾಲಿಗೆ ಮಿತಿ. ಹಾಗಾಗಿ ಲಾಭ, ಸಾಗಣೆ ಹಂಚಿಕೆಯಂಥ ಮುಖ್ಯ ಲೆಕ್ಕಗಳನ್ನು ಸಾಧ್ಯವಾದಷ್ಟು ಡೇಟಾಬೇಸ್‌ನ ವ್ಯೂಗಳಲ್ಲೇ (ಡೇಟಾಬೇಸ್‌ನಲ್ಲಿ ಉಳಿಸಿಟ್ಟ ಕ್ವೆರಿಗಳು) ಮಾಡಿ, ಟೂಲ್‌ಗೆ ತೋರಿಸುವ ಕೆಲಸವನ್ನಷ್ಟೇ ಬಿಡಿ. ಶೇಕಡಾವಾರನ್ನು ಮಾತ್ರ ಅಲ್ಲಿ ಮುಗಿಸಿಬಿಡಬೇಡಿ. ಲಾಭ, ಮಾರಾಟ ಎರಡನ್ನೂ ಬೇರೆಬೇರೆಯಾಗಿ ಕೊಟ್ಟು ಭಾಗಾಕಾರವನ್ನು ಟೂಲ್‌ನಲ್ಲಿ ಮಾಡಿಸಿ. ಇಲ್ಲವಾದರೆ ಶೇ 20ರ ಕಥೆ ಮತ್ತೆ ಶುರು.

ಆಯ್ಕೆ ಮುಗಿದ ಮೇಲೂ ಪರೀಕ್ಷಾ ಫೈಲ್ ಅಳಿಸಬೇಡಿ. ಪವರ್ ಬಿಐ ಡೆಸ್ಕ್‌ಟಾಪ್‌ಗೆ ಪ್ರತಿ ತಿಂಗಳೂ ಹೊಸ ಆವೃತ್ತಿ ಬರುತ್ತದೆ, ಉಳಿದವೂ ಆಗಾಗ ಬದಲಾಗುತ್ತವೆ. ಅಪ್‌ಡೇಟ್ ಆದ ದಿನ ಒಮ್ಮೆ ತೆರೆದು, ಸಾಗಣೆ ವೆಚ್ಚ ಕಾಗದದ ಮೇಲೆ ಬರೆದಿಟ್ಟಷ್ಟೇ ಇದೆಯೇ ನೋಡಿಕೊಳ್ಳಿ.