ಪ್ರಾಂಪ್ಟಿಂಗ್ ಕಲಿತದ್ದು ಅಡಿಕೆ ಸುಲಿಯುತ್ತಾ

ನಾನು ತೀರ್ಥಹಳ್ಳಿ ಕಡೆಯವಳು. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಒಂದು ವರ್ಷ ಕಲಿತೆ. ನೀನಾಸಂ ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರ ಕಾಲದಲ್ಲಿ, 1980ರಲ್ಲಿ ಶುರುವಾದ ಶಾಲೆ ಅದು. ಆಮೇಲೆ ನೀನಾಸಂನ ಸಂಚಾರಿ ನಾಟಕ ತಂಡ 'ತಿರುಗಾಟ'ದ ಜೊತೆ ಊರೂರು ಸುತ್ತಿದೆ. ಅಲ್ಲಿ ಮಾತು ಬಾಯಿಪಾಠವಾಗಿ, ಮೈಗೆ ಹತ್ತಿದ ಮೇಲೇ ರಂಗಕ್ಕೆ ಹೋಗುವುದು. ಆ ಅಭ್ಯಾಸ ಇಟ್ಟುಕೊಂಡು ಟಿವಿ ಧಾರಾವಾಹಿಯಲ್ಲಿ ನಟಿಸೋಕೆ ಬೆಂಗಳೂರಿನ ಶೂಟಿಂಗ್ ಮನೆಗೆ ಹೋದ ಮೊದಲ ದಿನವೇ ನನ್ನ ಕಾಲು ನಡುಗಿತು.

ಸೀನ್ ಪೇಪರ್ ಬಂದದ್ದು ಮೇಕಪ್ ಮುಗಿದ ಮೇಲೆ. ಒಂದೂವರೆ ಪುಟ ಮಾತು. "ಓದ್ಬೇಡಿ, ಪ್ರಾಂಪ್ಟಿಂಗ್ ಕೊಡ್ತೀವಿ" ಅಂದರು. ಸಹಾಯಕ ನಿರ್ದೇಶಕರೊಬ್ಬರು ಕ್ಯಾಮೆರಾ ಪಕ್ಕ ನಿಂತು ಒಂದೊಂದೇ ಸಾಲು ಹೇಳುತ್ತಾರೆ. ಅದನ್ನು ನಾವು ನಮ್ಮ ಮಾತಾಗಿ ಆಡಬೇಕು. ಅವರ ದನಿಯನ್ನು ಎಡಿಟಿಂಗ್‌ನಲ್ಲಿ ತೆಗೆಯುತ್ತಾರೆ. ಆದರೆ ಸಾಲು ಕೇಳಿಸಿಕೊಳ್ಳುವಾಗಿನ ಮುಖವನ್ನು ತೆಗೆಯೋಕೆ ಆಗಲ್ಲ, ಅಲ್ವಾ? ನನ್ನ ಕಣ್ಣು ಪ್ರತಿಸಲ ದನಿ ಬಂದ ಕಡೆಗೇ ಹೋಗುತ್ತಿತ್ತು. ಎದುರಿಗೆ ಅತ್ತೆ ಪಾತ್ರದವರು ನಿಜವಾಗಿ ಅಳುತ್ತಿದ್ದರು. ನನ್ನಿಂದ ಅವರು 11 ಸಲ ಅಳಬೇಕಾಯಿತು. ಅದು ಇವತ್ತಿಗೂ ಮನಸ್ಸಿನಲ್ಲಿದೆ.

ಶೆಡ್ಯೂಲ್ ಮುಗಿಸಿ ಊರಿಗೆ ಬಂದಾಗ ಅಡಿಕೆ ಕೊಯ್ಲು ನಡೆದಿತ್ತು. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಎಲ್ಲರೂ ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಾರೆ. ನಾನೂ ಕೂತೆ. ಅಡಿಕೆಯನ್ನು ಕತ್ತಿಯ ಬಾಯಿಗೆ ಒತ್ತಿ, ಸಿಪ್ಪೆ ಬಿಡಿಸಿ, ಬುಟ್ಟಿಗೆ ಹಾಕಬೇಕು. ಕಣ್ಣು ಆಚೀಚೆ ಹೋದರೆ ಬೆರಳು ಕುಯ್ಯುತ್ತದೆ. ಆದರೂ ಚಿಕ್ಕಮ್ಮ ಹೇಳುವ ಸುದ್ದಿ ಒಂದನ್ನೂ ಅಮ್ಮ ಬಿಡಲ್ಲ. ತಲೆ ಎತ್ತದೆ ಉತ್ತರ ಕೊಡುತ್ತಾಳೆ, ನಗುತ್ತಾಳೆ, ಒಮ್ಮೊಮ್ಮೆ ಕಣ್ಣಲ್ಲಿ ನೀರೂ ಬರುತ್ತದೆ. ಕೈ ಮಾತ್ರ ನಿಲ್ಲಲ್ಲ. ಚಿಕ್ಕಂದಿನಿಂದ ನೋಡಿದ್ದೆ, ಅವತ್ತೇ ಗಮನಿಸಿದ್ದು.

ತಮ್ಮನ ಕೈಗೆ ಹಳೇ ಸೀನ್ ಪೇಪರ್ ಕೊಟ್ಟು ಬೆನ್ನ ಹಿಂದೆ ಕೂರಿಸಿದೆ. ಅವನು ಓದುತ್ತಿದ್ದ, ನಾನು ಕತ್ತಿ ನೋಡುತ್ತಲೇ ಮಾತಾಡುತ್ತಿದ್ದೆ. ಮೊದಲ ರಾತ್ರಿ ಅವನ ದನಿ ಬಂದಾಗಲೆಲ್ಲ ಕೈ ನಿಲ್ಲುತ್ತಿತ್ತು. ನಾಲ್ಕನೇ ರಾತ್ರಿ ನಿಲ್ಲಲಿಲ್ಲ. ಸಾಲು ಕೇಳುವ ಆ ಎರಡು ಸೆಕೆಂಡಿನಲ್ಲಿ ಪಾತ್ರಕ್ಕೆ ಒಂದು ಕೆಲಸ ಇರಬೇಕು ಅಂತ ಆಗ ಗೊತ್ತಾಯಿತು. ಸುಮ್ನೆ ಸೆರಗು ಸರಿ ಮಾಡಿಕೊಳ್ಳುವುದಲ್ಲ. ಎದುರಿನವರ ಕೊನೇ ಪದವನ್ನು ನಾನು ಒಳಗೇ ಹೇಳಿಕೊಳ್ಳುತ್ತೇನೆ. "ನೀನು ಈ ಮನೆಯವಳಲ್ಲ" ಅಂದರೆ ಮನಸ್ಸಿನಲ್ಲಿ "ಅಲ್ಲ" ಅಂದುಕೊಳ್ಳುತ್ತೇನೆ. ನೋವು ಮುಖಕ್ಕೆ ತಾನಾಗಿ ಬರುತ್ತದೆ, ಕಣ್ಣು ಅವರ ಮೇಲೇ ಉಳಿಯುತ್ತದೆ. ಕ್ಲೋಸಪ್ಪೇ ಜಾಸ್ತಿ ಇರುವ ಧಾರಾವಾಹಿಯಲ್ಲಿ ನನ್ನನ್ನು ಉಳಿಸಿದ್ದು ಇದೇ.

ರಂಗದ ಮೇಲಿನ ಎತ್ತರದ ದನಿ ಕ್ಯಾಮೆರಾ ಮುಂದೆ ತಗ್ಗಿಸೋದು ಬೇಗ ಬಂತು. ಒಂದೇ ದಿನ ಮೂರು ಎಪಿಸೋಡಿನ ಸೀನ್ ತೆಗೆಯುವುದರಿಂದ ಯಾವ ಸೀನಿಗೆ ಏನು ತೊಟ್ಟಿದ್ದೆ ಅಂತ ಮರೆಯದಿರಲು ಬಳೆ, ಬೊಟ್ಟು, ಹೂವಿನ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳುತ್ತೇನೆ.

ದುಡ್ಡಿನ ವಿಷಯ ಮಾತ್ರ ಯಾರೂ ಮೊದಲೇ ಹೇಳಲ್ಲ. ಸಂಭಾವನೆ ದಿನದ ಲೆಕ್ಕ. ನನ್ನ ಮೊದಲ ಚೆಕ್ ಬಂದದ್ದು ಮೂರು ತಿಂಗಳ ನಂತರ. ಸೀರೆಗಳೆಲ್ಲ ನಮ್ಮದೇ ಖರ್ಚು. ಒಂದು ಧಾರಾವಾಹಿಯಲ್ಲಿ ನನ್ನ ಟ್ರ್ಯಾಕ್, ಅಂದರೆ ನನ್ನ ಪಾತ್ರದ ಕಥೆ, ನಿಲ್ಲಿಸಿದರು. ಶೂಟಿಂಗ್‌ಗೆ ಕಾಲ್ ಬರದಿದ್ದಾಗಲೇ ನನಗೆ ತಿಳಿದದ್ದು. ಆ ತಿಂಗಳುಗಳಲ್ಲಿ ಬಾಡಿಗೆ ಕಟ್ಟಿದ್ದು ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ. ಶಿವಮೊಗ್ಗದಿಂದ ಬೆಂಗಳೂರಿಗೆ 300 ಕಿಲೋಮೀಟರ್ ಹತ್ತಿರ ಆಗುತ್ತದೆ. ರಾತ್ರಿ 9ಕ್ಕೆ ಫೋನ್ ಮಾಡಿ "ನಾಳೆ 7ಕ್ಕೆ ಬನ್ನಿ" ಅಂದರೆ ಊರಲ್ಲಿ ಕೂತವಳು ಏನು ಮಾಡಬೇಕು? ಹಾಗಾಗಿ ಕೆಲಸ ಇಲ್ಲದಿದ್ದರೂ ರೂಮ್ ಬಿಡೋಕೆ ಆಗಲ್ಲ.

ಕಳೆದ ಕೊಯ್ಲಿಗೆ ಹೋದಾಗ ಪಕ್ಕದ ಮನೆ ಹುಡುಗಿ "ಅಕ್ಕಾ, ನಾನೂ ಬರ್ಲಾ?" ಅಂದಳು. ಪಿಯುಸಿ ಮುಗಿಸಿದ್ದಾಳೆ. ಆರು ತಿಂಗಳ ಬಾಡಿಗೆ ಕೈಯಲ್ಲಿಟ್ಟುಕೊ, ಮೊದಲು ಹೆಗ್ಗೋಡಿನಲ್ಲೋ ಶಿವಮೊಗ್ಗದ ಯಾವುದಾದರೂ ತಂಡದಲ್ಲೋ ಒಂದು ವರ್ಷ ನಾಟಕ ಮಾಡು ಅಂದೆ. ಅವತ್ತು ರಾತ್ರಿ ಅವಳೂ ನಮ್ಮ ಜಗಲಿಗೆ ಬಂದು ಮೆಟ್ಟುಗತ್ತಿ ಮುಂದೆ ಕೂತಳು. ಸೀನ್ ಪೇಪರ್ ನಾನು ಓದಿದೆ.